ರೋಮ್‌ನಲ್ಲಿ ಏಳು ದಿನ: ಬಾಗಿಲು ಹಾಕುವ ಹೊತ್ತು ನೋಡಿ ಹಾಕಿದ ಪ್ಲಾನ್

"ಏಳು ದಿನ ಒಂದೇ ಊರಲ್ಲಿ ಕೂತು ಏನ್ ಮಾಡ್ತೀಯೋ? ರೋಮ್ ಏನು ನಿಮ್ಮಜ್ಜಿ ಊರಾ?"

ಇದು ನಮ್ಮ ಭಾವನ ಮಾತು. ಫ್ಲೈಟ್ ಬುಕ್ ಮಾಡಿದ ದಿನವೇ ಅಂದರು. ಆಫೀಸಿನಲ್ಲೂ ಅದೇ ರಾಗ. ಅಷ್ಟು ದುಡ್ಡು ಸುರಿದು ಅಷ್ಟು ದೂರ ಹೋಗುವವನು ಪ್ಯಾರಿಸ್, ಸ್ವಿಸ್ ಎಲ್ಲ ಒಂದೇ ಏಟಿಗೆ ಮುಗಿಸಿಕೊಂಡು ಬರುವುದು ಬಿಟ್ಟು ಇದೇನು ಹುಚ್ಚು ಅಂತ.

ಆ ಏಟು ನಾನು ತಿಂದು ನೋಡಿದ್ದೇನೆ. 2018ರಲ್ಲಿ ಒಂದು ಪ್ಯಾಕೇಜ್‌ನಲ್ಲಿ ಹೋಗಿದ್ದೆವು. ಹತ್ತು ದಿನ, ಐದು ದೇಶ, ತಲೆಗೆ ಒಂದು ಲಕ್ಷ ಎಪ್ಪತ್ತು ಸಾವಿರ. ಅದರಲ್ಲಿ ರೋಮ್‌ಗೆ ಸಿಕ್ಕಿದ್ದು ಐದು ಗಂಟೆ. ಕೊಲೊಸಿಯಂ ಹೊರಗೆ ಇಪ್ಪತ್ತೈದು ನಿಮಿಷ ಫೋಟೋ. ಟ್ರೆವಿ ಕಾರಂಜಿಗೆ ಓಡಿ ಹೋಗಿ ಒಂದು ನಾಣ್ಯ. ಊಟಕ್ಕೆ ಪನೀರ್ ಬಟರ್ ಮಸಾಲ. ಬಸ್ಸು ಹತ್ತಿದಾಗ ನನ್ನ ಹೆಂಡತಿ, "ಒಳಗೆ ಏನಿತ್ತು ರೀ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

2022ರಲ್ಲಿ ನಾನೇ ಪ್ಲಾನ್ ಮಾಡಿದೆ. ಎಕ್ಸೆಲ್ ಶೀಟ್‌ನಲ್ಲಿ 42 ಜಾಗ, ದಿನಕ್ಕೆ ಆರು. ವೀಸಾ ಸ್ಲಾಟ್ ಸಿಗುವ ಮೊದಲೇ, ಅಗ್ಗ ಅಂತ, ದುಡ್ಡು ವಾಪಸ್ ಬಾರದ ರೂಮ್ ಬುಕ್ ಮಾಡಿಬಿಟ್ಟೆ. ಸ್ಲಾಟ್ ಸಿಗಲಿಲ್ಲ. ಹನ್ನೆರಡು ಸಾವಿರ ಹೋಯಿತು. ಹೋಗಿದ್ದು ಒಳ್ಳೆಯದೇ ಆಯಿತು ಅಂತ ಈಗ ಅನ್ನಿಸುತ್ತದೆ. ಆ ಶೀಟ್ ಇಟ್ಟುಕೊಂಡು ಹೋಗಿದ್ದರೆ ಅರ್ಧ ಬಾಗಿಲುಗಳ ಮುಂದೆ ನಿಂತು ಬೀಗ ನೋಡಿಕೊಂಡು ಬರುತ್ತಿದ್ದೆವು.

2023ರ ನವೆಂಬರ್‌ಗೆ ಶೀಟ್ ತಿರುಗಿಸಿ ಹಾಕಿದೆ. ಏನೇನು ನೋಡಬೇಕು ಅಂತ ಬರೆಯುವ ಮೊದಲು, ಯಾವುದು ಯಾವಾಗ ಮುಚ್ಚಿರುತ್ತದೆ ಅಂತ ಬರೆದೆ. ಅಷ್ಟೇ ನನ್ನ ವಿದ್ಯೆ. ಸೋಮವಾರ ಬೊರ್ಗೀಸೆ ಗ್ಯಾಲರಿ, ಪಲಾಟ್ಸೊ ಮಾಸ್ಸಿಮೊ ಮ್ಯೂಸಿಯಂ, ಓಸ್ತಿಯಾ ಅನ್ನುವ ಹಳೆಯ ಪಾಳು ಊರು ಮೂರೂ ಬಂದ್. ಭಾನುವಾರ ವ್ಯಾಟಿಕನ್ ಮ್ಯೂಸಿಯಂ ಇಲ್ಲ, ತಿಂಗಳ ಕೊನೆಯ ಭಾನುವಾರ ಮಾತ್ರ ಬಿಟ್ಟಿ. ಬುಧವಾರ ಬೆಳಿಗ್ಗೆ ಪೋಪ್ ದರ್ಶನ ಇರುತ್ತದೆ, ಸೇಂಟ್ ಪೀಟರ್ಸ್ ಚರ್ಚಿನ ಕಡೆ ತಲೆ ಹಾಕಬಾರದು. ಬಹಳಷ್ಟು ಚರ್ಚುಗಳು ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಬಾಗಿಲು ಹಾಕಿದರೆ ಕೆಲವು ತೆರೆಯುವುದು ಮೂರಕ್ಕೆ, ಕೆಲವು ನಾಲ್ಕಕ್ಕೆ. ನವೆಂಬರ್‌ನಲ್ಲಿ ಕೊಲೊಸಿಯಂ ನಾಲ್ಕೂವರೆಗೇ ಮುಗಿಯುತ್ತದೆ, ಐದಕ್ಕೆ ಕತ್ತಲೆ. ಮುಷ್ಕರ ಅಂದರೆ ಅಲ್ಲಿ ಸಾಮಾನ್ಯವಾಗಿ ಶುಕ್ರವಾರ. ಹಾಗಾಗಿ ಶುಕ್ರವಾರ ಬಸ್ಸೇ ಬೇಡದ, ನಡೆದು ಮುಗಿಸುವ ದಿನ ಅಂತ ಇಟ್ಟೆ. ನಾವು ಹೋದ ಶುಕ್ರವಾರ ಬಸ್ಸುಗಳು ಸಲೀಸಾಗಿ ಓಡಿದವು, ಅದು ಬೇರೆ ಮಾತು.

ಇಷ್ಟೆಲ್ಲ ಕಪ್ಪು ಬಣ್ಣ ಬಳಿದ ಮೇಲೆ ಉಳಿದ ಬಿಳಿ ಜಾಗಗಳಲ್ಲಿ ಬೆಳಿಗ್ಗೆ ಒಂದೇ ಒಂದು ದುಡ್ಡಿನ ಟಿಕೆಟ್. ಮಧ್ಯಾಹ್ನ ರೂಮಿಗೆ ಬಂದು ಅನ್ನ ಸಾರು ಉಂಡು ಮಲಗುವುದು. ಸಂಜೆ ಚರ್ಚು, ಬೀದಿ. ಮಲಗುವ ವಿಷಯಕ್ಕೆ ಆಫೀಸಿನಲ್ಲಿ ಬಹಳ ನಕ್ಕರು.

ರೂಮ್ ಹಿಡಿದದ್ದು ಓಸ್ತಿಯೆನ್ಸೆ ಸ್ಟೇಷನ್ ಹತ್ತಿರ. ಎಲ್ಲರೂ ದೊಡ್ಡ ಸ್ಟೇಷನ್ ತೆರ್ಮಿನಿ ಪಕ್ಕ ಹಿಡಿಯುತ್ತಾರೆ. ಏರ್‌ಪೋರ್ಟ್‌ನಿಂದ ತೆರ್ಮಿನಿಗೆ ನಾನ್‌ಸ್ಟಾಪ್ ರೈಲು 14 ಯೂರೋ, ಓಸ್ತಿಯೆನ್ಸೆಗೆ ಲೋಕಲ್ ರೈಲು 8. ಪಕ್ಕದಲ್ಲೇ ಪಿರಾಮಿಡೆ ಮೆಟ್ರೋ, ಎರಡನೇ ಸ್ಟಾಪ್ ಕೊಲೊಸಿಯಂ. ಓಸ್ತಿಯಾ ರೈಲು ಹೊರಡುವುದೂ ಅಲ್ಲಿಂದಲೇ. ಸ್ವಲ್ಪ ನಡೆದರೆ ತೆಸ್ತಾಚ್ಚೊ ಮಾರ್ಕೆಟ್, ಟೊಮೆಟೊ, ಸೊಪ್ಪು ಎಲ್ಲ ಅಲ್ಲೇ. ಅಡುಗೆಮನೆ ಇರುವ ರೂಮ್ ರಾತ್ರಿಗೆ 80 ಯೂರೋ ಸುಮಾರು. ಅದರ ಮೇಲೆ ಊರಿನ ಟ್ಯಾಕ್ಸ್ ತಲೆಗೆ ದಿನಕ್ಕೆ ಆರು ಯೂರೋ, ಕೈಗೆ ಕೊಡಬೇಕು. ಇದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎಂಬತ್ತು ಚಿಲ್ಲರೆ ಯೂರೋ ಮೊದಲ ದಿನವೇ ಹೋಯಿತು.

ಎರಡನೇ ದಿನ ಇನ್ನೊಂದು ಪೆಟ್ಟು. ತಿಂಗಳ ಮೊದಲ ಭಾನುವಾರ ಕೊಲೊಸಿಯಂ ಬಿಟ್ಟಿ. ಇಬ್ಬರಿಗೆ 36 ಯೂರೋ ಉಳಿಸೋಣ ಅಂತ ಜಾಣತನ ಮಾಡಿದೆ. ಒಂಬತ್ತೂಕಾಲಿಗೆ ಹೋದರೆ ಕ್ಯೂ ಎಲ್ಲಿ ಶುರು, ಎಲ್ಲಿ ಕೊನೆ ಅಂತಲೇ ಗೊತ್ತಾಗಲಿಲ್ಲ. ಹನ್ನೊಂದಕ್ಕೆ ಕೈಬಿಟ್ಟೆವು. ಮಂಗಳವಾರಕ್ಕೆ ನೋಡಿದರೆ 18 ಯೂರೋದ ಟಿಕೆಟ್ ಖಾಲಿ. ಅವು ಮೂವತ್ತು ದಿನ ಮುಂಚೆ ಬಿಡುವಂಥವು, ಉಳಿಯುತ್ತವೆಯೇ? ಅರೀನಾ, ಅಂದರೆ ಒಳಗಿನ ಕಾಳಗದ ಅಂಗಳ, ಸೇರಿದ 24 ಯೂರೋದ್ದು ಸಿಕ್ಕಿತು. ಉಳಿಸಲು ಹೋಗಿ ಹನ್ನೆರಡು ಯೂರೋ ಜಾಸ್ತಿ ಕೊಟ್ಟೆ, ಮೇಲಿಂದ ಅರ್ಧ ದಿನ ಹಾಳು. ಆದರೂ ಅರೀನಾ ನೆಲದ ಮೇಲೆ ನಿಂತು ಕೆಳಗಿನ ಗೋಡೆಗಳ ಸಂದಿ ನೋಡಿದಾಗ, ಪ್ರಾಣಿಗಳನ್ನು ಮೇಲೆತ್ತುತ್ತಿದ್ದ ಕಿಂಡಿಗಳು ಕಂಡಾಗ, ಹೆಂಡತಿ ಬೈಯುವುದನ್ನು ನಿಲ್ಲಿಸಿದಳು. ಟಿಕೆಟ್ ಮೇಲೆ ಹೆಸರು ಇರುತ್ತದೆ, ಪಾಸ್‌ಪೋರ್ಟ್ ಇಟ್ಟುಕೊಂಡಿರಿ.

ಸೋಮವಾರ ಮಳೆ. ಬೇರೆಯವರಿಗೆ ದಿನ ಹಾಳು, ನಮಗೆ ಹಬ್ಬ. ಪ್ಯಾಂಥಿಯನ್ ಅನ್ನುವ ಹಳೆಯ ರೋಮನ್ ಗುಡಿಗೆ ಹೋಗಬೇಕಾದ್ದೇ ಮಳೆಯಲ್ಲಿ. ಗುಮ್ಮಟದ ಅಗಲ 43 ಮೀಟರ್, ನೆಲದಿಂದ ಎತ್ತರವೂ ಅಷ್ಟೇ. ನೆತ್ತಿಯಲ್ಲಿ ಸುಮಾರು ಒಂಬತ್ತು ಮೀಟರ್ ಅಗಲದ ಬಯಲು ಕಿಂಡಿ, ಗಾಜಿಲ್ಲ, ಮುಚ್ಚಳವಿಲ್ಲ. ಮಳೆ ನೇರ ಒಳಗೇ ಬೀಳುತ್ತದೆ. ಕೆಳಗೆ ನೆಲ ಸ್ವಲ್ಪ ಉಬ್ಬಿದೆ, ನೀರು ಅಕ್ಕಪಕ್ಕ ಹರಿದು ಅಮೃತಶಿಲೆಯಲ್ಲಿ ಕೊರೆದ ಸಣ್ಣ ತೂತುಗಳಿಗೆ ಇಳಿಯುತ್ತದೆ. ನಡುವೆ ಹಗ್ಗ ಕಟ್ಟಿ ಜನರನ್ನು ದೂರ ಇಟ್ಟಿದ್ದರು. ಹಗ್ಗದ ಪಕ್ಕ ಕೂತು ತೂತು ಎಣಿಸಿದೆ. 22 ಅಂತಾರೆ, ನನಗೆ 19 ಸಿಕ್ಕವು. ಐದು ಯೂರೋ ಟಿಕೆಟ್‌ಗೆ ಒಂದೂವರೆ ಗಂಟೆ ಕೂತೆವು.

ಮಂಗಳವಾರ ಬೆಳಿಗ್ಗೆಯ ಪಲಾಟ್ಸೊ ಮಾಸ್ಸಿಮೊ ಬಗ್ಗೆ ಜಾಸ್ತಿ ಹೇಳಲೇಬೇಕು. ತೆರ್ಮಿನಿ ಎದುರೇ ಇದೆ, ಆದರೂ ಒಳಗೆ ಜನವೇ ಇಲ್ಲ. ಅಲ್ಲೊಬ್ಬ ಕಂಚಿನ ಮಲ್ಲ ಕೂತಿದ್ದಾನೆ, ಕುಸ್ತಿಯಲ್ಲ, ಮುಷ್ಟಿಕಾಳಗದವನು. ಆಟ ಮುಗಿಸಿ ಸುಸ್ತಾಗಿ ತಲೆ ತಿರುಗಿಸಿದ್ದಾನೆ. ಹತ್ತಿರ ಹೋಗಿ ನೋಡಿ. ಮುಖದ ಗಾಯಗಳಿಗೆ ತಾಮ್ರ ಕೂರಿಸಿದ್ದಾರೆ, ಕೆಂಪಗೆ ಕಾಣಲಿ ಅಂತ. ತೋಳಿನ ಮೇಲೆ, ತೊಡೆಯ ಮೇಲೆ ರಕ್ತದ ಹನಿಗಳೂ ತಾಮ್ರದವೇ. ಮೇಲಿನ ಮಹಡಿಯಲ್ಲಿ ಚಕ್ರವರ್ತಿ ಅಗಸ್ಟಸ್‌ನ ಹೆಂಡತಿ ಲಿವಿಯಾಳ ಮನೆಯ ತೋಟದ ಚಿತ್ರ, ನಾಲ್ಕೂ ಗೋಡೆಗೆ. ದಾಳಿಂಬೆ, ಹಕ್ಕಿಗಳು. ಎರಡು ಸಾವಿರ ವರ್ಷದ ಹಸಿರು.

ನಾನು ಹೋದದ್ದು ಮಾತ್ರ ನೆಲಮಾಳಿಗೆಯ ನಾಣ್ಯಗಳಿಗಾಗಿ. ನಾವು ದುರ್ಗದವರು. ಚಂದ್ರವಳ್ಳಿಯಲ್ಲಿ ಅಗೆದಾಗ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ ಕಥೆ ಸ್ಕೂಲಿನಿಂದಲೂ ಕೇಳಿಕೊಂಡು ಬೆಳೆದವರು. ಅದೇ ಜಾತಿಯ ದಿನಾರಿಯಸ್ ಅಲ್ಲಿ ಗಾಜಿನೊಳಗೆ ಸಾಲಾಗಿ ಕೂತಿದ್ದವು. ನಮ್ಮ ಎಂಟಾಣೆಗಿಂತ ಚಿಕ್ಕದು. ಪ್ರತಿ ವರ್ಷ ಭಾರತ ರೋಮ್‌ನಿಂದ ಐದು ಕೋಟಿ ಸೆಸ್ಟರ್ಸ್ ನಾಣ್ಯ ಎಳೆದುಕೊಳ್ಳುತ್ತದೆ ಅಂತ ಆ ಕಾಲದ ರೋಮನ್ ಲೇಖಕ ಪ್ಲಿನಿ ಗೊಣಗಿದ್ದು ಸುಮ್ಮನಲ್ಲ. ಮರುದಿನ ಫೋರಂನಲ್ಲಿ, ಅಂದರೆ ಹಳೆಯ ರೋಮ್‌ನ ನಡುಚೌಕದಲ್ಲಿ, ಚಕ್ರವರ್ತಿ ಮ್ಯಾಕ್ಸೆಂಟಿಯಸ್‌ನ ಆ ದೊಡ್ಡ ಕಮಾನುಗಳ ಮುಂದೆ ನಿಂತು, ಅದರ ಅಡಿಯಲ್ಲಿ ಮೊದಲು ಮೆಣಸಿನ ಗೋದಾಮು ಇತ್ತು ಅಂತ ಹೆಂಡತಿಗೆ ಹೇಳಿದೆ. "ಹಾಗಾದರೆ ನಮ್ಮ ಮೆಣಸಿನ ದುಡ್ಡು ಇದು," ಅಂದಳು. ಕೊಲೊಸಿಯಂನ ಆ 24 ಯೂರೋದ ಟಿಕೆಟ್ ಎರಡು ದಿನಕ್ಕೆ ನಡೆಯುತ್ತದೆ, ಹಾಗಾಗಿ ಫೋರಂ ಮರುದಿನಕ್ಕೆ ಉಳಿಸಿಕೊಂಡಿದ್ದೆವು. ಅಷ್ಟರ ಮಟ್ಟಿಗೆ ತಲೆಗೆ ಜಾಸ್ತಿ ಕೊಟ್ಟ ಆರು ಯೂರೋ ವಸೂಲಿ.

ಬುಧವಾರ ಬೆಳಿಗ್ಗೆ ಬೇಗ ಫೋರಂ ಮುಗಿಸಿ ಓಸ್ತಿಯಾಕ್ಕೆ ಹೋದೆವು. ಇಡೀ ರೋಮ್ ವ್ಯಾಟಿಕನ್ ಕಡೆ ಹೋಗಿರುತ್ತದೆ. ಸಾಮಾನ್ಯ ಒಂದೂವರೆ ಯೂರೋ ಟಿಕೆಟ್‌ಗೇ ಅರ್ಧ ಗಂಟೆ ರೈಲು. ಹಳೆಯ ಬಂದರಿನ ಊರು, ಒಳಗೆ ಹೋಗಲು 18 ಇರಬೇಕು. ವ್ಯಾಪಾರಿಗಳ ಚೌಕದಲ್ಲಿ ಪ್ರತಿ ಅಂಗಡಿ ಮುಂದೆಯೂ ನೆಲದಲ್ಲಿ ಕಪ್ಪು ಬಿಳಿ ಕಲ್ಲಿನ ಬೋರ್ಡು. ಒಂದರಲ್ಲಿ ಆನೆ! ಆಫ್ರಿಕಾದ ಸಬ್ರಾತಾದವರ ಕಚೇರಿಯದು. ಅರ್ಧ ದಿನ ಸಾಕು ಅಂದುಕೊಂಡಿದ್ದೆ, ಸಾಲಲಿಲ್ಲ. ಕಾವಲಿನವರು ಬಂದು ಹೊರಡಿ ಅನ್ನುವವರೆಗೂ ಇದ್ದೆವು.

ಗುರುವಾರ ವ್ಯಾಟಿಕನ್ ಮ್ಯೂಸಿಯಂ, ಬೆಳಗಿನ ಸ್ಲಾಟ್. ಬುಕಿಂಗ್ ಚಾರ್ಜ್ ಸೇರಿ 22 ಹತ್ತಿರ ಕೊಟ್ಟ ನೆನಪು, ಈಗ ಜಾಸ್ತಿಯಾಗಿದೆ. ಇಷ್ಟು ಲೆಕ್ಕ ಹಾಕಿದವನು ಎಲ್ಲಿ ಎಡವಿದೆ ಗೊತ್ತಾ? ಸೇಂಟ್ ಪೀಟರ್ಸ್ ಚೌಕಕ್ಕೆ ಹೋಗಿ ಮ್ಯೂಸಿಯಂ ಬಾಗಿಲು ಹುಡುಕಿದೆ. ಬಾಗಿಲು ಇರುವುದು ಕೋಟೆ ಗೋಡೆಯ ಆ ಕಡೆ. ಹೆಂಡತಿ ಸೀರೆ ಎತ್ತಿ ಹಿಡಿದುಕೊಂಡು, ನಾನು ಏದುಸಿರು ಬಿಟ್ಟುಕೊಂಡು, ಗೋಡೆ ಸುತ್ತಿ ಓಡಿದ್ದು ಇಪ್ಪತ್ತು ನಿಮಿಷ. ಒಳಗೆ ಬಿಟ್ಟರು, ಪುಣ್ಯ. ಮಧ್ಯಾಹ್ನ ಸೇಂಟ್ ಪೀಟರ್ಸ್ ಗುಮ್ಮಟಕ್ಕೆ 551 ಮೆಟ್ಟಿಲು ಹತ್ತಿದೆ. ಅವಳು ಕೆಳಗೇ ಕೂತಳು, ಬುದ್ಧಿವಂತೆ.

ಊಟದ ವಿಷಯ ಸಸ್ಯಾಹಾರಿಗಳು ಕೇಳುತ್ತಲೇ ಇರುತ್ತಾರೆ. ತೂಕಕ್ಕೆ ಕತ್ತರಿಸಿ ಕೊಡುವ ಪಿಜ್ಜಾ ತೆಗೆದುಕೊಳ್ಳಿ, ಆಲೂಗಡ್ಡೆಯದು ಚೆನ್ನ. ಕುಂಬಳ ಜಾತಿಯ ಹೂವಿನ ಪಿಜ್ಜಾ ನೋಡಲು ಚಂದ, ಒಳಗೆ ಸಣ್ಣ ಮೀನು ಇರುತ್ತದೆ. ನಾನು ಕಚ್ಚಿದ ಮೇಲೆ ಗೊತ್ತಾದದ್ದು. ಸುಪ್ಲಿ ಅನ್ನುವ ಅಕ್ಕಿ ಬೋಂಡದಲ್ಲಿ ಮಾಂಸದ ಗೊಜ್ಜು ಇರುವುದುಂಟು, ಕೇಳಿ ತಿನ್ನಿ. ಇನ್ನೂ ಕಟ್ಟುನಿಟ್ಟಿನವರಾದರೆ, ಪೆಕೊರಿನೊ ರೊಮಾನೊ ಚೀಸ್‌ಗೆ ಹಾಕುವ ಹೆಪ್ಪು ಕುರಿಮರಿ ಹೊಟ್ಟೆಯದು. ಚಿಕೋರಿಯಾ ಅಂತ ಒಂದು ಸೊಪ್ಪು, ಬೆಳ್ಳುಳ್ಳಿ ಒಣಮೆಣಸಿನಕಾಯಿ ಹಾಕಿ ಹುರಿದು ಕೊಡುತ್ತಾರೆ. ತೆಂಗಿನಕಾಯಿ ಇಲ್ಲದ ಪಲ್ಯ ಅಷ್ಟೇ. ಅದನ್ನು ಚೆನ್ನಾಗಿ ಮಾಡುವ ಒಂದು ಸಣ್ಣ ಹೋಟೆಲ್ ತೆಸ್ತಾಚ್ಚೊದಲ್ಲಿದೆ. ಹೆಸರು ಹೇಳಲ್ಲ, ಇರುವುದೇ ಎಂಟು ಟೇಬಲ್. ಕಾಫಿ ನಿಂತು ಕುಡಿಯಿರಿ, ಕೂತರೆ ರೇಟು ಬೇರೆ. ನೀರಿಗೆ ದುಡ್ಡು ಕೊಡಬೇಡಿ. ಬೀದಿ ಬೀದಿಯಲ್ಲಿ ಮೂಗಿನ ಥರ ಬಾಗಿದ ನಲ್ಲಿಗಳಿವೆ, ನಸೋನಿ ಅಂತಾರೆ. ಬಾಯಿಗೆ ಬೆರಳು ಒತ್ತಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ, ಕುಡಿಯಲು ಸುಲಭ. ಮೊದಲ ಸಲ ಕನ್ನಡಕಕ್ಕೇ ಚಿಮ್ಮಿತು.

ಶುಕ್ರವಾರ ಬೊರ್ಗೀಸೆ. ಎರಡು ಗಂಟೆ ಮಾತ್ರ ಬಿಡುತ್ತಾರೆ, ಸ್ಲಾಟ್ ಸಿಗುವುದೇ ಕಷ್ಟ. ರದ್ದಾದ ಟಿಕೆಟ್ ಮತ್ತೆ ಬರುವ ಒಂದು ಹೊತ್ತು ಕಂಡುಕೊಂಡಿದ್ದೇನೆ, ನಾಲ್ಕು ಸಲ ನೋಡಿ ಖಾತ್ರಿ ಮಾಡಿಕೊಂಡದ್ದು. ಅದು ನನ್ನ ಹತ್ತಿರವೇ ಇರಲಿ. ಬೇಲೂರು ನೋಡಿದವರಿಗೆ ಕಲ್ಲಿನಲ್ಲಿ ಒಡವೆ, ಜಡೆ ಹೊಸದಲ್ಲ. ಆದರೆ ಶಿಲ್ಪಿ ಬೆರ್ನಿನಿ ಕೆತ್ತಿದ ಪಾತಾಳದ ದೇವರು ಪ್ಲೂಟೊ ಹುಡುಗಿಯನ್ನು ಹಿಡಿದ ಕಡೆ ಬೆರಳು ಒತ್ತಿ ತೊಡೆ ಗುಳಿ ಬಿದ್ದಿದೆ. ನಮ್ಮ ಬಳಪದ ಕಲ್ಲು ಅಗೆದ ಹೊಸತರಲ್ಲಿ ಮೆದು. ಇದು ಅಮೃತಶಿಲೆ ಮಾರಾಯ್ರೇ.

ಅಲ್ಲಿಂದ ಇಳಿದು ಕರವಾಜ್ಜೊ ಅನ್ನುವ ಹಳೆಯ ಚಿತ್ರಕಾರನ ಚಿತ್ರಗಳ ಬೇಟೆ. ಮೂರು ಚರ್ಚು, ಎಲ್ಲ ಬಿಟ್ಟಿ. ಸಾಂತಾ ಮರಿಯಾ ದೆಲ್ ಪೊಪೊಲೊ ಮಧ್ಯಾಹ್ನದ ಮೊದಲು, ಸಾನ್ ಲುಯಿಜಿ ಮತ್ತು ಸಾಂತ್ ಅಗೊಸ್ತೀನೊ ಸಂಜೆ. ಸಾನ್ ಲುಯಿಜಿಯಲ್ಲಿ ಯೇಸುವಿನ ಶಿಷ್ಯ ಮತ್ತಾಯನ ಮೂರು ಚಿತ್ರ ಕತ್ತಲಲ್ಲಿ ಇರುತ್ತವೆ. ಪಕ್ಕದ ಡಬ್ಬಿಗೆ ನಾಣ್ಯ ಹಾಕಿದರೆ ದೀಪ. ಗಡಿಯಾರ ಹಿಡಿದು ನೋಡಿದೆ, ಒಂದು ಯೂರೋಗೆ ಎರಡು ನಿಮಿಷದ ಹತ್ತಿರ ಬಂತು. ಒಂದು ಚಿತ್ರದಲ್ಲಿ ಬಲಗಡೆಯಿಂದ ಬೆಳಕು ಬಿದ್ದು ದುಡ್ಡು ಎಣಿಸುತ್ತಿರುವ ಹುಡುಗನ ಬೆರಳು ಕಾಣುತ್ತದೆ, ಅಷ್ಟರಲ್ಲಿ ಟಕ್ ಅಂತ ಕತ್ತಲೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಾರು ಹಾಕುತ್ತಾರೆ ಅಂತ. ಮೊದಲ ಹತ್ತು ನಿಮಿಷದಲ್ಲಿ ನಾನೇ ಮೂರು ಯೂರೋ ಹಾಕಿದೆ. ಆಮೇಲೆ ಕಲಿತೆ.

ಶನಿವಾರ ಶೀಟ್‌ನಲ್ಲಿ ಖಾಲಿ. ರಾತ್ರಿ ಫ್ಲೈಟ್. ಸಂಜೆವರೆಗೂ ಸುತ್ತಾಡಿ ಕೊನೆಗೆ ಮತ್ತೆ ಸಾನ್ ಲುಯಿಜಿಗೇ ಹೋದೆವು.

ಲೆಕ್ಕ ಕೇಳುವವರಿಗೆ, ಇಬ್ಬರದ್ದೂ ಸೇರಿ, ನೆನಪಿನಿಂದ: ಗಲ್ಫ್ ಮೇಲೆ ಹೋಗುವ ಫ್ಲೈಟ್ ಒಂದು ಲಕ್ಷದ ನಾಲ್ಕು ಸಾವಿರ, ವೀಸಾ ಮತ್ತು ಇನ್ಶೂರೆನ್ಸ್ ಇಪ್ಪತ್ತು, ರೂಮ್ ಟ್ಯಾಕ್ಸ್ ಸೇರಿ ಐವತ್ತೆಂಟು, ಟಿಕೆಟ್‌ಗಳು ಹದಿನೆಂಟು, ಊಟ ಇಪ್ಪತ್ತೈದು, ಓಡಾಟ ಏಳು. ಎರಡು ಲಕ್ಷ ಮೂವತ್ತು ಸಾವಿರದ ಆಸುಪಾಸು. 2018ರಲ್ಲಿ ಇದಕ್ಕಿಂತ ಒಂದು ಲಕ್ಷ ಜಾಸ್ತಿ ಕೊಟ್ಟು ಪನೀರ್ ತಿಂದು ಬಂದಿದ್ದೆವು.

ಹೋದ ತಿಂಗಳು ಭಾವ ಫೋನ್ ಮಾಡಿದರು. ಆ ಕಡೆ ಈ ಕಡೆ ಮಾತಾಡಿ, "ನಿನ್ನ ಆ ಶೀಟ್ ಇದೆಯಲ್ಲ, ಕಳಿಸು ನೋಡೋಣ," ಅಂದರು. "ಯಾಕೆ ಭಾವ, ಅಜ್ಜಿ ಊರಿಗೆ ಹೊರಟಿರಾ?" ಅಂದೆ. ಕಳಿಸಿದೆ. ಬೊರ್ಗೀಸೆದು ಒಂದು ಸಾಲು, ಹೋಟೆಲಿನದು ಒಂದು ಸಾಲು ಅಳಿಸಿ ಕಳಿಸಿದೆ.