ಹೊದಿಕೆ ಬೆಳೆ: ಮಣ್ಣಿಗೆ ಎಷ್ಟು, ದನಕ್ಕೆ ಎಷ್ಟು?

ಹೊಲ ಖಾಲಿ ಬಿಡದೆ ನೆಲ ಮುಚ್ಚಲು ಬಿತ್ತುವ ಹೊದಿಕೆ ಬೆಳೆಯ ಬೀಜ ತರುವ ಮೊದಲೇ ಒಂದು ಲೆಕ್ಕ ಮುಗಿಸಿಕೊಳ್ಳಿ: ಬೆಳೆದ ಸೊಪ್ಪಿನಲ್ಲಿ ದನದ ಪಾಲೆಷ್ಟು, ಹೊಲದ ಪಾಲೆಷ್ಟು? ದ್ವಿದಳ ಬೆಳೆಯ ಸಾರಜನಕದ ಬಹುಪಾಲು ಎಲೆ, ಕಾಂಡದಲ್ಲೇ ಇರುತ್ತದೆ. ಪೂರ್ತಿ ಕೊಯ್ದು ಮೇವಿಗೆ ಒಯ್ದರೆ ಹೊಲಕ್ಕೆ ಸಿಗುವುದು ಬೇರು, ಕೂಳೆ ಅಷ್ಟೇ. ಹಾಗೆ ಒಯ್ದವರು ಅದೇ ಹೊಲಕ್ಕೆ ತಿಪ್ಪೆಗೊಬ್ಬರ ಹೊಡೆಯಲೇಬೇಕು. ಸಣ್ಣ ಹಿಡುವಳಿಗೆ ನಮ್ಮ ಸಲಹೆ: ಪಟ್ಟಿ ಪಟ್ಟಿಯಾಗಿ ಅರ್ಧ ಕೊಯ್ಯಿರಿ, ಅರ್ಧ ಹರಗಿ ಮಣ್ಣಿಗೆ ಸೇರಿಸಿ. ಮರುವರ್ಷ ಪಟ್ಟಿ ಅದಲುಬದಲು ಮಾಡಿ.

ರಾಯಚೂರು, ಬಳ್ಳಾರಿಯ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿ ಜೋಳ ಅಥವಾ ಕಡಲೆ ಬಿತ್ತುವವರಿಗೆ ಅಲಸಂದಿ ಒಳ್ಳೆಯದು. ಜೂನ್‌ನ ಮಿರ್ಗದ ಮಳೆಗೆ ಕೂರಿಗೆಯಲ್ಲಿ ಎಕರೆಗೆ 14–16 ಕಿಲೋ, ಸಾಲಿಂದ ಸಾಲಿಗೆ ಒಂದಡಿ. ಅರ್ಧದಷ್ಟು ಗಿಡ ಹೂ ಬಿಟ್ಟಾಗ ಕೊಯ್ಲು. ಕಾಯಿ ಬಲಿಯಲೆಂದು ಕಾಯಬೇಡಿ. ಆಗಸ್ಟ್ ಮುಗಿದ ಮೇಲೂ ಬೆಳೆ ನಿಂತರೆ ಸೆಪ್ಟೆಂಬರ್‌ನ ಉತ್ತರಿ ಮಳೆಯ ಬಿತ್ತಿಗೆಗೆ ಬೇಕಾದ ಹಸಿಯನ್ನು ಅದೇ ಕುಡಿಯುತ್ತದೆ. ಜುಲೈ ನಡುವಿನವರೆಗೂ ಹದವಾದ ಮಳೆ ಬರದಿದ್ದರೆ ಆ ವರ್ಷ ಹೊದಿಕೆ ಬೆಳೆ ಬೇಡ. ಹೊಲ ಹರಗಿ ಹಸಿ ಹಿಡಿದಿಡುವುದೇ ಜಾಣತನ.

ಕಡಲೆ ಬಿತ್ತುವ ಹೊಲಕ್ಕೆ ಇನ್ನೊಂದು ಎಚ್ಚರಿಕೆ. ಅರೆಕೊಳೆತ ಸೊಪ್ಪು ಮಣ್ಣಿನಲ್ಲಿದ್ದು ಹಸಿಯೂ ಹೆಚ್ಚಾದರೆ ಬುಡಕೊಳೆ ರೋಗದ ಶಿಲೀಂಧ್ರ ಅದರ ಮೇಲೆ ಹಬ್ಬುತ್ತದೆ. ಎಳೆ ಸಸಿ ಹಳದಿಯಾಗಿ ಸಾಯುತ್ತದೆ, ಕಿತ್ತು ನೋಡಿದರೆ ಬುಡದಲ್ಲಿ ಬಿಳಿ ನೂಲು, ಸಾಸಿವೆಯಂಥ ಕಾಳುಗಳು ಕಾಣುತ್ತವೆ. ಹರಗುವುದಕ್ಕೂ ಬಿತ್ತುವುದಕ್ಕೂ ನಡುವೆ ಮೂರು-ನಾಲ್ಕು ವಾರ ಬಿಡಿ.

ಕೊಪ್ಪಳ, ಕುಷ್ಟಗಿ ಕಡೆಯ ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ಹುರುಳಿ. ಎಕರೆಗೆ 10–12 ಕಿಲೋ ಸಾಕು. ಕಡಿಮೆ ಮಳೆಗೂ ನೆಲ ಮುಚ್ಚುತ್ತದೆ, ತಡವಾಗಿ ಬಿತ್ತಿದರೂ ಬರುತ್ತದೆ. ಮೇವೇ ಮುಖ್ಯವಾದರೆ ಎರಡು ಸಾಲು ಸಜ್ಜೆ, ಒಂದು ಸಾಲು ಅಲಸಂದಿ.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಗೆ ಹಸಿರೆಲೆ ಗೊಬ್ಬರದ ಗಿಡ ಡಯಾಂಚ ಬಿಟ್ಟರೆ ಬೇರೆ ಹೆಸರು ಬರುವುದಿಲ್ಲ. ನೀರು ನಿಂತರೂ, ನೆಲ ಸವಳು (ಉಪ್ಪು) ಇದ್ದರೂ ತಡೆಯುತ್ತದೆ. ಎಕರೆಗೆ 20–25 ಕಿಲೋ ಬೀಜ ರಾತ್ರಿ ನೆನೆಸಿ, ಕಾಲುವೆ ನೀರು ಬರುವ ಮೊದಲಿನ ಮಳೆಗೇ ಚೆಲ್ಲಿ. 40–45 ದಿನಕ್ಕೆ, ಕಾಂಡ ಬಗ್ಗಿಸಿದರೆ ಸಲೀಸಾಗಿ ಮುರಿಯುವಾಗಲೇ ನೀರು ಕಟ್ಟಿ ರೋಟವೇಟರ್ ಹೊಡೆಯಿರಿ, ಒಂದು ವಾರ ಬಿಟ್ಟು ನಾಟಿ ಮಾಡಿ. ಕಾಂಡ ಕಟ್ಟಿಗೆಯಾದರೆ ಬೇಗ ಕೊಳೆಯದು, ಭತ್ತದ ಸಸಿಯೂ ಹಳದಿಗೆ ತಿರುಗುತ್ತದೆ. ಎಳೆ ತುದಿಯನ್ನು ಕುರಿ, ಆಡು ತಿನ್ನುತ್ತವೆ, ದನಕ್ಕೆಂದು ನೆಚ್ಚಬೇಡಿ. ಬಿಳಿ ಉಪ್ಪು ಎದ್ದ ಗದ್ದೆಗೆ ಡಯಾಂಚ ಒಂದೇ ಸಾಲದು, ನೀರು ಬಸಿದು ಹೋಗಲು ಬಸಿಗಾಲುವೆಯೂ ಬೇಕು.

ದ್ವಿದಳ ಬೀಜಕ್ಕೆ ಆಯಾ ಬೆಳೆಯದೇ ರೈಜೋಬಿಯಂ (ಬೇರಿನ ಗಂಟಿನಲ್ಲಿ ಸಾರಜನಕ ಕಟ್ಟುವ ಜೀವಾಣು) ಪುಡಿ ಹಚ್ಚಿ. ಬೆಲ್ಲದ ನೀರು ಕುದಿಸಿ, ತಣ್ಣಗಾದ ಮೇಲೆ ಪುಡಿ ಕಲಸಿ, ಬೀಜಕ್ಕೆ ಸವರಿ, ನೆರಳಲ್ಲಿ ಒಣಗಿಸಿ ಅಂದೇ ಬಿತ್ತಿ. ಬಿಸಿಲಿಗೆ ಹಾಕಿದರೆ ಜೀವಾಣು ಸಾಯುತ್ತವೆ. 35 ದಿನಕ್ಕೆ ಒಂದು ಗಿಡವನ್ನು ಗುದ್ದಲಿಯಿಂದ ಮಣ್ಣುಸಮೇತ ಎತ್ತಿ ಬೇರಿನ ಗಂಟು ಸೀಳಿ ನೋಡಿ: ಒಳಗೆ ಕೆಂಪು ಇದ್ದರೆ ಸಾರಜನಕ ಕಟ್ಟುತ್ತಿದೆ. ಬಿಳಿ ಅಥವಾ ಹಸಿರಿದ್ದರೆ ಇಲ್ಲ.

ಮೇಯಿಸುವಾಗ ಅವಸರ ಬೇಡ. ಹಸಿದ ದನವನ್ನು ಇಬ್ಬನಿ ಇರುವಾಗಲೇ ಅಲಸಂದಿ ಹೊಲಕ್ಕೆ ಬಿಟ್ಟರೆ ಹೊಟ್ಟೆ ಉಬ್ಬರಿಸಿ ಸಾಯಬಹುದು. ಕೊಯ್ದ ಸೊಪ್ಪನ್ನು ಅರ್ಧ ದಿನ ಬಾಡಿಸಿ, ಒಂದು ಪಾಲಿಗೆ ಎರಡು ಪಾಲು ಜೋಳದ ಕಣಕಿ (ಒಣ ದಂಟು) ಬೆರೆಸಿ ಹಾಕಿ. ಮೊಣಕಾಲೆತ್ತರದ ಎಳೆ ಜೋಳ, ಕೊಯ್ದ ಕೂಳೆಯ ಚಿಗುರು, ಮಳೆ ಕೈಕೊಟ್ಟು ಬಾಡಿದ ಜೋಳ, ಇವುಗಳಲ್ಲಿ ಸೈನೈಡ್ ವಿಷವಿರುತ್ತದೆ. ತೆನೆ ಹೂವಾಡುವ ತನಕ ದನ ಬಿಡಬೇಡಿ. ಸಜ್ಜೆಗೆ ಈ ಭಯವಿಲ್ಲ. ಹಸಿರೆಲೆ ಗೊಬ್ಬರದ ಸೆಣಬು ಬಿತ್ತಿದ್ದರೆ ಕಾಯಿ ಕಟ್ಟಿದ ಮೇಲೆ ಮೇವಿಗೆ ಬಳಸಬೇಡಿ, ಬೀಜ ವಿಷಕಾರಿ.