ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯನ್ನು ಮನೆಯಲ್ಲೇ ಸಜ್ಜುಗೊಳಿಸುವುದು ಹೇಗೆ?

ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳಲು ಸಾಧ್ಯವಾಗುವುದು ಅವುಗಳ ಸರಳ ರಚನೆಯಿಂದ. 1941ರಲ್ಲಿ ಸೇನೆಯ ಬಳಕೆಗೆ ಬಂದ ವಿಲ್ಲಿಸ್ ಜೀಪ್ ಇರಲಿ, 1948ರಲ್ಲಿ ಹೊರಬಂದ ಲ್ಯಾಂಡ್ ರೋವರ್ ಇರಲಿ, ಅವುಗಳ ದಾರಿಯಲ್ಲೇ ಸಾಗಿದ ಆನಂತರದ ಪಿಕಪ್‌ಗಳಿರಲಿ, ಏಣಿಯಾಕಾರದ ಉಕ್ಕಿನ ಚಾಸಿಯ ಮೇಲೆ ಬಾಡಿಯನ್ನು ಬೋಲ್ಟ್ ಹಾಕಿ ಕೂರಿಸುವುದೇ ಇವುಗಳ ಕ್ರಮ. ಬಾಗಿಲು, ಬಾನೆಟ್, ಮಡ್‌ಗಾರ್ಡ್‌ಗಳನ್ನು ಸಾಮಾನ್ಯ ಪಾನಾಗಳಿಂದಲೇ ಬಿಚ್ಚಬಹುದು. ಹೆಚ್ಚಿನ ದೋಷಗಳನ್ನು ಕಣ್ಣಿನಿಂದ ನೋಡಿ, ಕೈಯಿಂದ ಅಲುಗಿಸಿ, ಕಿವಿಯಿಂದ ಕೇಳಿ ಕಂಡುಹಿಡಿಯಬಹುದು. ಆದರೂ ಇಂಥ ಎಷ್ಟೋ ಗಾಡಿಗಳು ಅರ್ಧ ಬಿಚ್ಚಿದ ಸ್ಥಿತಿಯಲ್ಲೇ ವರ್ಷಗಟ್ಟಲೆ ನಿಂತುಬಿಡುತ್ತವೆ. ಕೆಲಸವನ್ನು ತಪ್ಪು ತುದಿಯಿಂದ, ಎಂದರೆ ಕಣ್ಣಿಗೆ ಹಬ್ಬವಾಗುವ ಬಣ್ಣ ಮತ್ತು ದೊಡ್ಡ ಟೈರುಗಳಿಂದ, ಆರಂಭಿಸುವುದೇ ಇದಕ್ಕೆ ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ. ಮೊದಲು ಚಾಸಿ, ನಂತರ ಬ್ರೇಕ್ ಮತ್ತು ಸ್ಟಿಯರಿಂಗ್, ಆಮೇಲೆ ಗೇರುಗಳು, ಅದಾದ ಬಳಿಕ ಬಣ್ಣ, ಎಲ್ಲಕ್ಕೂ ಕೊನೆಯಲ್ಲಿ ಮಾರ್ಪಾಡು ಎಂಬ ಕ್ರಮವನ್ನು ಬಿಡಬಾರದು.

ಗಾಡಿಯನ್ನು ಎತ್ತುವ ಮುನ್ನ

ಗಾಡಿಯ ಕೆಳಗೆ ನುಸುಳುವ ಮೊದಲು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಲ್ಯಾಂಡ್ ರೋವರ್ ಸೇರಿದಂತೆ ಹಲವು ಹಳೆಯ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಗಳನ್ನು ನೇರವಾಗಿ ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸ್‌ನ (ಎಂಜಿನ್ನಿನ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ, ಎಂದರೆ ಚಕ್ರದ ಅಚ್ಚುಗಳಿಗೆ, ಹಂಚುವ ಗೇರುಪೆಟ್ಟಿಗೆಯ) ಹಿಂಬದಿಯ ಡ್ರಮ್ಮಿನ ಮೂಲಕ ಪ್ರೊಪೆಲ್ಲರ್ ಶಾಫ್ಟನ್ನು, ಎಂದರೆ ಆ ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ ದಂಡವನ್ನು, ಹಿಡಿಯುತ್ತದೆ. ಎರಡೂ ಹಿಂಚಕ್ರಗಳು ನೆಲದ ಮೇಲಿರುವವರೆಗೆ ಗಾಡಿ ಅಲುಗುವುದಿಲ್ಲ. ಒಂದು ಹಿಂಚಕ್ರವನ್ನು ಜಾಕ್‌ನಿಂದ ಎತ್ತಿದೊಡನೆ, ಶಾಫ್ಟ್ ಬಿಗಿಯಾಗಿ ನಿಂತಿದ್ದರೂ ಡಿಫರೆನ್ಷಿಯಲ್‌ನ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಆಕ್ಸಲ್ ನಡುವಿನ ಗೇರು ಜೋಡಣೆಯ) ಒಳಗೇರುಗಳು ತಿರುಗಲು ಎಡೆಯಾಗಿ, ಎತ್ತಿದ ಚಕ್ರ ಒಂದು ದಿಕ್ಕಿಗೆ ತಿರುಗುತ್ತಿರುವಂತೆ ನೆಲದ ಮೇಲಿನ ಚಕ್ರ ಇನ್ನೊಂದು ದಿಕ್ಕಿಗೆ ಉರುಳಿ ಗಾಡಿ ಜಾಕ್‌ನಿಂದ ಜಾರುತ್ತದೆ. ಗಾಡಿಯನ್ನು ಗೇರ್‌ನಲ್ಲಿ ನಿಲ್ಲಿಸಿದ್ದರೂ ಇದನ್ನು ತಡೆಯಲಾಗದು. ಆದ್ದರಿಂದ ಗಟ್ಟಿಯಾದ ಸಮತಟ್ಟು ನೆಲವನ್ನೇ ಆರಿಸಿಕೊಂಡು, ಎತ್ತದೆ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಮರದ ಅಡ್ಡೆ ಕೊಡಬೇಕು. ಜಾಕ್ ಎಂಬುದು ಎತ್ತುವುದಕ್ಕೆ ಮಾತ್ರ. ಭಾರ ಹೊರಬೇಕಾದದ್ದು ಆಕ್ಸಲ್ ಅಥವಾ ಚಾಸಿಯ ಕೆಳಗಿಟ್ಟ ಸ್ಟ್ಯಾಂಡ್‌ಗಳು. ಇಟ್ಟಿಗೆ ಅಥವಾ ಹಾಲೋ ಬ್ಲಾಕ್‌ಗಳನ್ನು ಪೇರಿಸಿ ಅದರ ಮೇಲೆ ಗಾಡಿ ನಿಲ್ಲಿಸುವುದು ಪ್ರಾಣಾಪಾಯಕಾರಿ, ಏಕೆಂದರೆ ಅವು ಯಾವ ಮುನ್ಸೂಚನೆಯನ್ನೂ ಕೊಡದೆ ಒಡೆಯುತ್ತವೆ. ಕೆಲಸ ಆರಂಭಿಸುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡಬೇಕು.

ಚಾಸಿಯ ತಪಾಸಣೆ

ಮೊದಲು ಚಾಸಿಯನ್ನು ಒಳಹೊರಗೆ ತೊಳೆಯಬೇಕು. ಪೆಟ್ಟಿಗೆಯಾಕಾರದ ಚಾಸಿಗಳ ಟೊಳ್ಳಿನಲ್ಲಿ ವರ್ಷಗಳ ಕೆಸರು ಕೂತು, ನೀರು ಹರಿದುಹೋಗಬೇಕಾದ ರಂಧ್ರಗಳು ಮುಚ್ಚಿಹೋಗಿರುತ್ತವೆ. ಇಂಥ ಚಾಸಿ ಒಳಗಿನಿಂದಲೇ ಕರಗುತ್ತಾ ಬರುತ್ತದೆ, ಹೊರಗಿನ ಬಣ್ಣ ಮಾತ್ರ ಚೆನ್ನಾಗಿಯೇ ಕಾಣುತ್ತಿರುತ್ತದೆ. ರಂಧ್ರಗಳನ್ನು ತಂತಿಯಿಂದ ಬಿಡಿಸಿ, ಹೊರಬರುವ ನೀರು ತಿಳಿಯಾಗುವವರೆಗೆ ಒಳಗೆ ನೀರು ಹಾಯಿಸಬೇಕು.

ತೊಳೆದು ಒಣಗಿದ ಮೇಲೆ ಚಿಕ್ಕ ಸುತ್ತಿಗೆ ಹಿಡಿದು ಚಾಸಿಯ ಉದ್ದಕ್ಕೂ ಮೆಲ್ಲಗೆ ಬಡಿಯುತ್ತಾ ಹೋಗಬೇಕು. ಗಟ್ಟಿ ಉಕ್ಕು ಠಣ್ ಎಂದು ದನಿ ಕೊಟ್ಟು ಸುತ್ತಿಗೆಯನ್ನು ಹಿಂದಕ್ಕೆ ಪುಟಿಸುತ್ತದೆ. ತುಕ್ಕು ತಿಂದ ಜಾಗದಲ್ಲಿ ದನಿ ಮಂಕಾಗಿ, ಸುತ್ತಿಗೆ ಪುಟಿಯದೆ ಅಲ್ಲೇ ಕೂರುತ್ತದೆ, ಒಳಗಿನಿಂದ ತುಕ್ಕಿನ ಚಕ್ಕೆಗಳು ಉದುರುವ ಸದ್ದೂ ಕೇಳಿಸುತ್ತದೆ. ಅಂಥ ಕಡೆಗಳಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ, ಬಳಿಕ ಹಳೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಒತ್ತಿ ನೋಡಬೇಕು. ಹಿಂಬದಿಯ ಅಡ್ಡ ತೊಲೆ, ಸ್ಪ್ರಿಂಗ್ ತೂಗುವ ಕೊಂಡಿಗಳು, ಬಾಡಿ ಕೂರುವ ಜಾಗಗಳು, ಆಕ್ಸಲ್‌ನ ಮೇಲೆ ಚಾಸಿ ಕಮಾನಿನಂತೆ ಬಾಗುವ ಭಾಗ, ಡೀಸೆಲ್ ಟ್ಯಾಂಕಿನ ಮರೆ — ಇವೇ ಸಾಮಾನ್ಯವಾಗಿ ಮೊದಲು ಹೋಗುವ ಸ್ಥಳಗಳು.

ಮೇಲ್ಪದರದ ತುಕ್ಕಾಗಿದ್ದರೆ ಹೆದರಬೇಕಾಗಿಲ್ಲ. ಗ್ರೈಂಡರ್‌ಗೆ ತಂತಿಯ ಬ್ರಷ್ ಹಾಕಿ ಸಡಿಲ ತುಕ್ಕನ್ನೆಲ್ಲ ಕೆರೆದು ತೆಗೆಯಬೇಕು. ಈ ಬ್ರಷ್‌ನ ತಂತಿಗಳು ಕಿತ್ತು ಹಾರುವುದರಿಂದ ಬರೀ ಕನ್ನಡಕ ಸಾಲದು, ಇಡೀ ಮುಖ ಮುಚ್ಚುವ ಕವಚ ಬೇಕು. ಗುಳಿಗಳಲ್ಲಿ ಉಳಿದ ತುಕ್ಕಿಗೆ ಟ್ಯಾನಿಕ್ ಆಮ್ಲ ಅಥವಾ ಫಾಸ್ಫರಿಕ್ ಆಮ್ಲವಿರುವ ತುಕ್ಕು ಪರಿವರ್ತಕವನ್ನು ಬಳಿಯಬಹುದು. ಇದು ತುಕ್ಕಿನೊಡನೆ ವರ್ತಿಸಿ ಗಟ್ಟಿಯಾದ, ಕಪ್ಪಗಿನ ಪದರವನ್ನು ಉಂಟುಮಾಡುತ್ತದೆ. ಆದರೆ ಅದು ಕೆಲಸ ಮಾಡುವುದು ತೆಳುವಾದ, ಅಂಟಿಕೊಂಡ ತುಕ್ಕಿನ ಮೇಲೆ ಮಾತ್ರ. ದಪ್ಪ ಚಕ್ಕೆಗಳ ಮೇಲೆ ಬಳಿದರೆ ಮೇಲ್ಭಾಗ ಕಪ್ಪಾಗಿ, ಕೆಳಗೆ ಕೊರೆತ ಮುಂದುವರಿಯುತ್ತದೆ.

ತೂತು ಬಿದ್ದಿದ್ದರೆ ಕತ್ತರಿಸಿ ಬೆಸುಗೆ ಹಾಕದೆ ಬೇರೆ ದಾರಿಯಿಲ್ಲ. ಪುಟ್ಟಿ ತುಂಬಿ ಬಣ್ಣ ಬಳಿದು ಮುಚ್ಚುವುದು ಆ ಗಾಡಿಯಲ್ಲಿ ಕೂರುವವರಿಗೆ ಮಾಡುವ ದ್ರೋಹ. ಕೊಳೆತ ಲೋಹವನ್ನು ಗಟ್ಟಿ ಉಕ್ಕು ಸಿಗುವವರೆಗೂ ಕತ್ತರಿಸಿ, ಮೂಲದಷ್ಟೇ ದಪ್ಪದ ಹಾಳೆಯನ್ನು ಬೆಸೆಯಬೇಕು. ಬಲ ಕೊಡಲು ಮೇಲಿನಿಂದ ಪಟ್ಟಿ ಕೂರಿಸುವುದಾದರೆ ಅದರ ತುದಿಗಳನ್ನು ಓರೆಯಾಗಿ ಕತ್ತರಿಸಬೇಕು. ಚಾಸಿಗೆ ಅಡ್ಡಲಾಗಿ ನೇರ ಬೆಸುಗೆ ಹಾಕಿದರೆ ಬಾಗುವ ಒತ್ತಡವೆಲ್ಲ ಆ ಒಂದೇ ಗೆರೆಯಲ್ಲಿ ಸೇರಿ ಅಲ್ಲೇ ಬಿರುಕು ಹುಟ್ಟುತ್ತದೆ. ಸ್ಪ್ರಿಂಗ್ ಕೊಂಡಿಗಳು ಮತ್ತು ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗಗಳ ಬೆಸುಗೆಯನ್ನು ಅನುಭವಿ ವೆಲ್ಡರ್‌ಗೇ ಒಪ್ಪಿಸುವುದು ಒಳ್ಳೆಯದು.

ಬೆಸುಗೆಯ ವಿಷಯದಲ್ಲಿ ಇನ್ನೂ ಎರಡು ಎಚ್ಚರಿಕೆಗಳಿವೆ. ಸತುವಿನ ಲೇಪವಿರುವ ಹಾಳೆಯನ್ನು ಬೆಸೆದಾಗ ಏಳುವ ಬಿಳಿ ಹೊಗೆಯಿಂದ ಚಳಿಜ್ವರದಂಥ ಕಾಯಿಲೆ ಬರುತ್ತದೆ, ಆದ್ದರಿಂದ ಅಂಚುಗಳ ಲೇಪವನ್ನು ಮೊದಲೇ ಉಜ್ಜಿ ತೆಗೆದು ಬಯಲು ಗಾಳಿಯಲ್ಲಿ ಕೆಲಸ ಮಾಡಬೇಕು. ಎರಡನೆಯದು ಇನ್ನೂ ಗಂಭೀರವಾದದ್ದು. ಕ್ಲೋರಿನ್ ಅಂಶವುಳ್ಳ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಲೋಹವನ್ನು ಬೆಸೆದರೆ ಫಾಸ್ಜೀನ್ ಎಂಬ ಮಾರಕ ವಿಷಾನಿಲ ಉಂಟಾಗಬಹುದು. ಬೆಸೆಯುವ ಜಾಗವನ್ನು ಅಸಿಟೋನ್‌ನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆಯೇ ಕಿಡಿ ತಾಗಿಸಬೇಕು.

ಅಲ್ಯುಮಿನಿಯಂ ಬಾಡಿಯಾದರೆ ತುಕ್ಕಿಲ್ಲವೆಂದು ನಿಶ್ಚಿಂತರಾಗಬಾರದು. ಅಲ್ಯುಮಿನಿಯಂ ಮತ್ತು ಉಕ್ಕು ತೇವದಲ್ಲಿ ಒಂದನ್ನೊಂದು ಮುಟ್ಟಿದರೆ ಅಲ್ಯುಮಿನಿಯಂ ಕೊರೆದು ಬಿಳಿ ಪುಡಿಯಾಗುತ್ತದೆ. ಎರಡೂ ಸೇರುವ ಕಡೆಯಲ್ಲೆಲ್ಲ ಬಣ್ಣದ ಜೊತೆಗೆ ರಬ್ಬರ್ ಅಥವಾ ಪ್ಲಾಸ್ಟಿಕ್ ಪಟ್ಟಿಯ ಅಂತರ ಕೊಡಬೇಕು. ಚಾಸಿಯ ಟೊಳ್ಳಿನೊಳಗೆ, ಬೆಸುಗೆಯ ಕೆಲಸವೆಲ್ಲ ಮುಗಿದ ಮೇಲೆ, ಉದ್ದ ನಳಿಗೆಯಿಂದ ಮೇಣದ ದ್ರಾವಣವನ್ನು ಸಿಂಪಡಿಸಬೇಕು.

ಬ್ರೇಕ್, ಸ್ಟಿಯರಿಂಗ್ ಮತ್ತು ಗೇರುಗಳು

ಬ್ರೇಕಿನ ಲೋಹದ ಕೊಳವೆಗಳು ಕೊಂಡಿಗಳ ಅಡಿಯಲ್ಲಿ ಕೊರೆದಿರುತ್ತವೆ, ರಬ್ಬರ್ ಹೋಸ್‌ಗಳು ಬಾಗಿಸಿದರೆ ಬಿರುಕು ತೋರಿಸುತ್ತವೆ. ಹಳೆಯ ಗಾಡಿಯಲ್ಲಿ ಇವನ್ನೆಲ್ಲ ಪರೀಕ್ಷಿಸುತ್ತಾ ಕೂರುವುದಕ್ಕಿಂತ ಒಟ್ಟಿಗೇ ಬದಲಾಯಿಸುವುದು ಮೇಲು. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆ, ಹಾಗಾಗಿ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಮುಂಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ (ಸಡಿಲ ಅಲುಗಾಟ) ಕಂಡುಬಂದರೆ ಚಕ್ರದ ಬೇರಿಂಗ್ ಅಥವಾ ಕಿಂಗ್‌ಪಿನ್ (ಮುಂಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕೀಲು) ಸವೆದಿದೆ ಎಂದು ತಿಳಿಯಬೇಕು. ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಿಸಿ ನೋಡಿ: ಆಟ ನಿಂತುಹೋದರೆ ದೋಷ ಬೇರಿಂಗಿನದು, ಉಳಿದರೆ ಕಿಂಗ್‌ಪಿನ್ನಿನದು.

ಆಕ್ಸಲ್ ಎಣ್ಣೆ ಬದಲಾಯಿಸುವಾಗ ಮೊದಲು ತುಂಬುವ ಬಿರಡೆ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಿ, ಆಮೇಲೆ ಬಸಿಯುವ ಬಿರಡೆಗೆ ಕೈ ಹಾಕಬೇಕು. ಎಣ್ಣೆಯನ್ನೆಲ್ಲ ಬಸಿದ ಮೇಲೆ ತುಂಬುವ ಬಿರಡೆ ತುಕ್ಕು ಹಿಡಿದು ಕೂತಿರುವುದು ತಿಳಿದರೆ ಗಾಡಿ ಅಲ್ಲೇ ನಿಂತಂತೆ. ಬಸಿದ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಇದಕ್ಕೆ ಅನೇಕ ವೇಳೆ ಕಾರಣವಾಗುವುದು ಆಕ್ಸಲ್‌ನ ಮೇಲಿರುವ ಚಿಕ್ಕ ಉಸಿರುಕೊಳವೆ ಕೆಸರಿನಿಂದ ಮುಚ್ಚಿಕೊಂಡಿರುವುದು. ಓಡಿ ಬಿಸಿಯಾದ ಆಕ್ಸಲ್ ತಣ್ಣನೆಯ ಹೊಳೆಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರುಕೊಳವೆಯಿಂದ ಗಾಳಿ ಬಾರದಿದ್ದರೆ ಆಯಿಲ್ ಸೀಲ್‌ಗಳ ಅಂಚಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಕೊಳವೆಗೆ ಹೋಸ್ ಜೋಡಿಸಿ ಬಾನೆಟ್‌ನ ಮಟ್ಟಕ್ಕೆ ಒಯ್ದರೆ ಈ ತೊಂದರೆ ತಪ್ಪುತ್ತದೆ, ಇಡೀ ಗಾಡಿಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯುಕ್ತವಾದ ಮಾರ್ಪಾಡು ಇನ್ನೊಂದಿಲ್ಲ. ಆಕ್ಸಲ್‌ನ ಹೈಪಾಯ್ಡ್ ಗೇರುಗಳಿಗೆ (ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಕೂಡುವ ಗೇರುಗಳಿಗೆ) ಜಿಎಲ್-5 ದರ್ಜೆಯ ಗೇರ್ ಎಣ್ಣೆ ಬೇಕು. ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿರುವ (ಗೇರು ಬದಲಿಸುವಾಗ ವೇಗಗಳನ್ನು ಸರಿದೂಗಿಸುವ ಬಳೆಗಳಿರುವ) ಗೇರ್‌ಬಾಕ್ಸ್‌ಗೆ ಜಿಎಲ್-4 ಹೇಳಿದ್ದರೆ ಅದನ್ನೇ ಹಾಕಬೇಕು.

ಫೋರ್ ವೀಲ್ ಡ್ರೈವನ್ನು ಪರೀಕ್ಷಿಸುವುದು ಮಣ್ಣು ಅಥವಾ ಜಲ್ಲಿಯ ನೆಲದಲ್ಲಿ. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಇನ್ನೊಂದು ಡಿಫರೆನ್ಷಿಯಲ್ ಇಲ್ಲದ ಹಳೆಯ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗಲೇಬೇಕು, ಆದರೆ ತಿರುವಿನಲ್ಲಿ ಮುಂಚಕ್ರಗಳು ಕ್ರಮಿಸುವ ದೂರ ಹೆಚ್ಚು. ಒಣ ಡಾಂಬರಿನ ಮೇಲೆ ಚಕ್ರಗಳು ಜಾರಲು ಅವಕಾಶವಿಲ್ಲದೆ ಆ ಒತ್ತಡವನ್ನು ಗೇರುಗಳೂ ಜಾಯಿಂಟ್‌ಗಳೂ ಹೊರಬೇಕಾಗುತ್ತದೆ.

ಬಣ್ಣ

ಮೊದಲು ಜಿಡ್ಡು ತೆಗೆಯಬೇಕು, ಆಮೇಲೆ ಉಜ್ಜಬೇಕು. ಈ ಕ್ರಮ ಹಿಂದುಮುಂದಾದರೆ ಮೇಣ ಮತ್ತು ಜಿಡ್ಡು ಉಜ್ಜಿದ ಗೀರುಗಳೊಳಗೆ ಸೇರಿ, ಹೊಸ ಬಣ್ಣ ಅಲ್ಲಲ್ಲಿ ಸರಿದು ಗುಳಿ ಬೀಳುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ನೀರು ಹಾಕಿ ಉಜ್ಜುವುದೇ ಕ್ಷೇಮ. ಬರಿಯ ಉಕ್ಕು ಕಾಣುವ ಕಡೆ 80 ನಂಬರಿನ ಉಜ್ಜು ಕಾಗದದಿಂದ (ನಂಬರು ಹೆಚ್ಚಿದಷ್ಟೂ ನಯ) ಆರಂಭಿಸಿ 180ರಲ್ಲಿ ಮುಗಿಸಿ, ಚೆನ್ನಾಗಿ ಒಣಗಿಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ಸಾಮಾನ್ಯ ಬೂದು ಪ್ರೈಮರ್ ತೇವವನ್ನು ಹೀರುತ್ತದೆ. ಗಾಡಿಯನ್ನು ಆ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಬಣ್ಣದ ಕೆಳಗೆ ತುಕ್ಕನ್ನು ಬಿತ್ತಿದಂತಾಗುತ್ತದೆ. ತಗ್ಗುಗಳಿಗೆ ಹಾಕುವ ಪುಟ್ಟಿ 3 ಮಿಲಿಮೀಟರ್ ದಪ್ಪವನ್ನು ಮೀರಬಾರದು. ಅದಕ್ಕಿಂತ ಆಳದ ತಗ್ಗನ್ನು ಒಳಗಿನಿಂದ ಬಡಿದು ಎತ್ತಬೇಕು.

ಮೇಲ್ಮೈ ಸಮವಾಗಿದೆಯೇ ಎಂಬುದನ್ನು ಕೈಯಿಂದ ಸವರಿ ಹೇಳುವುದು ಪಳಗದವರಿಗೆ ಕಷ್ಟ. ಪ್ರೈಮರ್ ಮೇಲೆ ಕಪ್ಪು ಬಣ್ಣವನ್ನು ಮಂಜಿನ ಹಾಗೆ ತೆಳುವಾಗಿ ಸಿಂಪಡಿಸಿ, ಒಣಗಿದ ಮೇಲೆ ಚಪ್ಪಟೆ ಮರದ ತುಂಡಿಗೆ 320 ನಂಬರಿನ ಕಾಗದ ಸುತ್ತಿ ಓರೆಯಾಗಿ ಉಜ್ಜಬೇಕು. ಉಬ್ಬುಗಳ ಮೇಲಿನ ಕಪ್ಪು ಮೊದಲು ಅಳಿಯುತ್ತದೆ, ತಗ್ಗುಗಳಲ್ಲಿ ಉಳಿಯುತ್ತದೆ. ಇಡೀ ಬಾಗಿಲಿನ ಮೇಲೆ ಒಂದು ಚುಕ್ಕೆ ಕಪ್ಪೂ ಉಳಿಯದೆ ಹೋದಾಗ ಅದು ಬಣ್ಣಕ್ಕೆ ಸಿದ್ಧ.

ಮನೆಯಲ್ಲಿ ಯಾವ ಬಣ್ಣ ಬಳಸಬೇಕೆಂಬ ಬಗ್ಗೆ ನನ್ನ ನಿಲುವು ಸ್ಪಷ್ಟವಾಗಿದೆ. ಗಟ್ಟಿಕಾರಕ ಬೆರೆಸುವ ಎರಡು ಡಬ್ಬಿಯ ಪಾಲಿಯುರಿಥೇನ್ ಬಣ್ಣಗಳ ಹೊಳಪು ನಿಜವಾಗಿಯೂ ಚೆನ್ನ, ಆದರೆ ಅವುಗಳ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಆಜೀವ ಆಸ್ತಮಾ ತರಬಲ್ಲದು. ಮಾಸ್ಕಿನ ಫಿಲ್ಟರ್ ತನ್ನ ಶಕ್ತಿ ಕಳೆದುಕೊಂಡರೂ ಆ ಆವಿ ವಾಸನೆಯಿಂದ ಎಚ್ಚರಿಸುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖವಾಡವಿಲ್ಲದೆ ಅದನ್ನು ಸಿಂಪಡಿಸಲೇಬಾರದು. ಮನೆಯ ಕೆಲಸಕ್ಕೆ ಒಂದೇ ಡಬ್ಬಿಯ ಸಿಂಥೆಟಿಕ್ ಎನಾಮಲ್ ಸಾಕು. ದುಡಿಮೆಗೆಂದೇ ಹುಟ್ಟಿದ ಈ ಗಾಡಿಗಳಿಗೆ ಅದರ ಮೆದು ಹೊಳಪೇ ಹೆಚ್ಚು ಒಪ್ಪುತ್ತದೆ. ಅದನ್ನು ನುಣುಪಾದ ಫೋಮ್ ರೋಲರ್‌ನಿಂದಲೂ ಬಳಿಯಬಹುದು. ತೆಳುವಾದ ಹಲವು ಪದರಗಳನ್ನು ಹಾಕುತ್ತಾ, ನಡುನಡುವೆ ಚೆನ್ನಾಗಿ ಒಣಗಲು ಬಿಟ್ಟು, 600ರಿಂದ 800 ನಂಬರಿನ ಕಾಗದದಿಂದ ನೀರಿನಲ್ಲಿ ಉಜ್ಜಿದರೆ ರೋಲರಿನ ಗುರುತು ಮಾಯವಾಗುತ್ತದೆ. ಡಬ್ಬಿಯ ಮೇಲೆ ಹೇಳಿದ ಅವಧಿಗೆ ಮೊದಲೇ ಇನ್ನೊಂದು ಪದರ ಹಾಕಿದರೆ ಕೆಳಗಿನದು ಸುಕ್ಕುಗಟ್ಟುತ್ತದೆ. ಸ್ಪ್ರೇ ಗನ್ ಬಳಸುವವರು ಅದನ್ನು ಮೇಲ್ಮೈಯಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿ ಸಮಾನಾಂತರವಾಗಿ ಹಿಡಿದು, ಪ್ರತಿ ಪಟ್ಟೆಯೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಸಾಗಬೇಕು. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಬಣ್ಣದ ಕೆಲಸ ಬೇಡ. ಲೋಹದ ತಾಪಮಾನವು ಇಬ್ಬನಿ ಕಟ್ಟುವ ತಾಪಮಾನಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು.

ಮಾರ್ಪಾಡುಗಳು

ಗಾಡಿಯನ್ನು ಮೂಲಸ್ಥಿತಿಗೆ ತಂದು, ಕೆಲವು ತಿಂಗಳು ಓಡಿಸಿದ ಮೇಲೆ ಮಾತ್ರ ಅದಕ್ಕೆ ನಿಜವಾಗಿ ಏನು ಬೇಕೆಂಬುದು ತಿಳಿಯುತ್ತದೆ. ಬಿಚ್ಚಿ ಹಿಂದಿನಂತೆ ಮಾಡಬಹುದಾದ ಮಾರ್ಪಾಡುಗಳಿಗೇ ಆದ್ಯತೆಯಿರಲಿ, ಮತ್ತು ನಿಮ್ಮಲ್ಲಿನ ಸಾರಿಗೆ ನಿಯಮಗಳು ಯಾವುದಕ್ಕೆ ಅನುಮತಿಸುತ್ತವೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ.

ಎಲ್ಲರೂ ಮೊದಲು ಬಯಸುವುದು ಎತ್ತರವನ್ನು. ಸ್ಪ್ರಿಂಗ್ ಬದಲಾಯಿಸಿ 50 ಮಿಲಿಮೀಟರ್ ಎತ್ತರಿಸಿದರೆ ಚಾಸಿ ಮತ್ತು ಬಾಡಿ ಮೇಲೇರುತ್ತವೆಯೇ ಹೊರತು, ಗಟ್ಟಿ ಆಕ್ಸಲ್‌ನ ಗಾಡಿಯಲ್ಲಿ ಬಂಡೆಗೆ ಮೊದಲು ತಾಗುವ ಡಿಫರೆನ್ಷಿಯಲ್ ಒಂದಿಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟೈರ್ ಮಾತ್ರ, ಅದೂ ವ್ಯಾಸದಲ್ಲಿ ಹೆಚ್ಚಾದುದರ ಅರ್ಧದಷ್ಟು. ಉದಾಹರಣೆಗೆ 235/75 ಆರ್ 15 ಟೈರಿನ ವ್ಯಾಸ ಲೆಕ್ಕದ ಪ್ರಕಾರ ಸುಮಾರು 733 ಮಿಲಿಮೀಟರ್. ಅದರ ಜಾಗದಲ್ಲಿ 31 ಇಂಚಿನ, ಎಂದರೆ 787 ಮಿಲಿಮೀಟರಿನ ಟೈರ್ ಹಾಕಿದರೆ ಆಕ್ಸಲ್ ಏಳುವುದು 27 ಮಿಲಿಮೀಟರ್. ಇಷ್ಟಕ್ಕೇ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 64ರಲ್ಲಿ ಓಡುತ್ತಿರುತ್ತದೆ, ಪ್ರತಿ ಗೇರಿನ ಎಳೆತವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ, ಬ್ರೇಕಿನ ಮೇಲೆ ಹೊರೆ ಹೆಚ್ಚುತ್ತದೆ.

ಎತ್ತರಿಸುವುದೇ ಆದರೆ ಅದರ ಜೊತೆಗೆ ಬರುವ ಕೆಲಸಗಳನ್ನೂ ಒಪ್ಪಿಕೊಳ್ಳಬೇಕು. ಆಕ್ಸಲ್ ಪೂರ್ತಿ ಕೆಳಗೆ ತೂಗಿದಾಗ ಬ್ರೇಕ್ ಹೋಸ್ ಬಿಗಿಯಾಗದಂತೆ ಉದ್ದನೆಯದನ್ನು ಹಾಕಬೇಕು. ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಯೂನಿವರ್ಸಲ್ ಜಾಯಿಂಟ್‌ಗಳ (ಬಾಗಿಯೂ ತಿರುಗಬಲ್ಲ ಕೀಲುಗಳ) ಕೋನ ಹೆಚ್ಚುಕಡಿಮೆ ಒಂದೇ ಆಗಿರಬೇಕು, ಇಲ್ಲವಾದರೆ ಶಾಫ್ಟ್ ನಡುಗಿ ಜಾಯಿಂಟ್‌ಗಳು ಬೇಗ ಸವೆಯುತ್ತವೆ. ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳದೆ ಗಾಡಿ ರಸ್ತೆಯಲ್ಲಿ ಅತ್ತಿತ್ತ ತೊನೆದರೆ ಮುಂದಿನ ಆಕ್ಸಲ್‌ನ ಓರೆ ತಪ್ಪಿದೆ ಎಂದರ್ಥ. ಸ್ಪ್ರಿಂಗಿಗೂ ಆಕ್ಸಲ್‌ಗೂ ನಡುವೆ ಓರೆಯಾದ ಉಕ್ಕಿನ ತುಂಡನ್ನು ಕೂರಿಸಿ ಅದನ್ನು ಸರಿಪಡಿಸಬೇಕು. ಹೆಡ್‌ಲೈಟುಗಳನ್ನು ತಗ್ಗಿಸಿ ಹೊಂದಿಸಬೇಕು. ಹೊಸ ದೀಪ ಅಥವಾ ವಿಂಚ್‌ಗೆ (ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಮೋಟಾರ್ ರಾಟೆಗೆ) ತಂತಿ ಎಳೆಯುವಾಗ ದೀಪಗಳಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಬಳಸಿ, ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಹತ್ತಿರವಿಡಬೇಕು, ಏಕೆಂದರೆ ಫ್ಯೂಸ್ ಕಾಯುವುದು ತನ್ನ ಮುಂದಿನ ತಂತಿಯನ್ನು ಮಾತ್ರ.

ಲೀಫ್ ಸ್ಪ್ರಿಂಗಿನ ಹಳೆಯ ಯು-ಬೋಲ್ಟ್‌ಗಳನ್ನು ಮತ್ತೆ ಬಳಸಬಾರದು, ಒಮ್ಮೆ ಬಿಗಿದಾಗ ಅವು ಹಿಗ್ಗಿರುತ್ತವೆ. ರಬ್ಬರ್ ಬುಷ್‌ಗಳ ಬೋಲ್ಟನ್ನು ಗಾಡಿ ತನ್ನ ಚಕ್ರಗಳ ಮೇಲೆ ನಿಂತ ನಂತರವೇ ಪೂರ್ತಿ ಬಿಗಿಯಬೇಕು. ತೂಗುತ್ತಿರುವಾಗ ಬಿಗಿದರೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಸ್ಪ್ರಿಂಗಿನ ಹೊಸ ಪಟ್ಟಿಗಳು ಒಂದರ ಮೇಲೊಂದು ಕೂತು ಯು-ಬೋಲ್ಟ್‌ಗಳು ಸ್ವಲ್ಪ ಸಡಿಲವಾಗುವುದರಿಂದ, ಟಾರ್ಕ್ ರೆಂಚ್ ಹಿಡಿದು ಅವನ್ನೂ ಚಕ್ರದ ನಟ್ಟುಗಳನ್ನೂ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಮತ್ತೊಮ್ಮೆ ಬಿಗಿಯಬೇಕು.