ಒಂದು ಚೌಕ, ಒಂದು ಗುಂಟೆ: ಊರ ಕೆರೆಯ ಲೆಕ್ಕ ನೀವೇ ತೆಗೆಯಿರಿ

ಕೆಲವು ವರ್ಷದ ಹಿಂದೆ ನಾನೊಂದು ಪೆದ್ದು ಕೆಲಸ ಮಾಡಿದ್ದೆ. ಮಂಡ್ಯ ತಾಲ್ಲೂಕಿನ ನಮ್ಮೂರ ಕೆರೆಯ ಎರಡು ಉಪಗ್ರಹ ಚಿತ್ರಗಳನ್ನು ಅಕ್ಕಪಕ್ಕ ಜೋಡಿಸಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಹಳೆಯದರಲ್ಲಿ ಕೆರೆ ಕಪ್ಪಗೆ ತುಂಬಿತ್ತು. ಹೊಸದರಲ್ಲಿ ಅರ್ಧಕ್ಕರ್ಧ ಹಸಿರು. ‘ನೋಡಿ, ಕೆರೆ ಒತ್ತುವರಿಯಾಗಿ ಗದ್ದೆ ಆಗಿದೆ’ ಎಂದು ಬರೆದೆ. ಗುಂಪಿನಲ್ಲಿ ಗಲಾಟೆಯೋ ಗಲಾಟೆ. ಸಂಜೆ ಸೋದರಮಾವ ಫೋನ್ ಮಾಡಿದರು. “ಒತ್ತುವರಿನೂ ಇಲ್ಲ ಗಿತ್ತುವರಿನೂ ಇಲ್ಲ ಕಣ್ಲಾ. ಅಂತರಗಂಗೆ ಬೆಳ್ಕಂಡದೆ. ಒಂದ್ಸಲ ಏರಿ ಮೇಲೆ ಬಂದು ನೋಡ್ಬಾರ್ದಾ?”

ಹೋಗಿ ನೋಡಿದೆ. ಅಂತರಗಂಗೆಯೇ, ನೀರಿನ ಮೇಲೆ ತೇಲುತ್ತ ಹಬ್ಬುವ ಕಳೆ. ಮೇಲಿನಿಂದ ಅದು ನಾಟಿ ಮಾಡಿದ ಗದ್ದೆಯ ಹಾಗೇ ಕಾಣುತ್ತದೆ. ತಮಾಷೆ ಏನೆಂದರೆ, ಆಮೇಲೆ ನಿಧಾನವಾಗಿ ಅಳೆದಾಗ ಅನುಮಾನ ಪಡಬೇಕಾದ ಜಾಗ ಬೇರೆಯೇ ಇತ್ತು. ಕೋಡಿಯ ಹತ್ತಿರದ ಮೂಲೆ. ನಾನು ಕೂಗಾಡಿದ್ದು ಬೇರೆ ಕಡೆಗೆ.

ಈ ಲೇಖನದಲ್ಲಿ ಹೇಳುವ ಸಾಧನಗಳೆಲ್ಲ ಉಚಿತ. ಒಂದು ಲ್ಯಾಪ್‌ಟಾಪ್, ಸುಮಾರಾದ ನೆಟ್, ಎರಡು ಸಂಜೆ ಸಾಕು. ಮೊಬೈಲಿನಲ್ಲೂ ಆಗುತ್ತದೆ, ಆದರೆ ಗೆರೆ ಎಳೆಯುವಾಗ ಬೆರಳು ದಪ್ಪ ಅನಿಸುತ್ತದೆ.

ಮೊದಲು ಪ್ರಶ್ನೆ ಬರೆದುಕೊಳ್ಳಿ

‘ಪರಿಸರ ಹಾಳಾಗಿದೆಯಾ?’ ಎಂದು ಕೇಳಿದರೆ ಯಾವ ನಕ್ಷೆಯೂ ಉತ್ತರ ಕೊಡುವುದಿಲ್ಲ. ‘ಈ ಸರ್ವೆ ನಂಬರಿನ ಕೆರೆಯಲ್ಲಿ 2017ರ ಜನವರಿಗೆ ಹೋಲಿಸಿದರೆ ಈ ಜನವರಿಯಲ್ಲಿ ನೀರು ನಿಂತ ಜಾಗ ಎಷ್ಟು ಕಡಿಮೆ?’ ಎಂದು ಕೇಳಿದರೆ ಉತ್ತರ ಇದೆ. ಜಾಗ, ತಿಂಗಳು, ಅಳತೆ ಮೂರೂ ಪ್ರಶ್ನೆಯಲ್ಲೇ ಇರಲಿ.

ಸರ್ವೆ ನಂಬರ್ ಗೊತ್ತಿಲ್ಲವೇ? ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು ಕೆರೆ ದಡಕ್ಕೆ ಹೋಗಿ. ನೀವು ನಿಂತ ಜಾಗದ ಊರು, ಹೋಬಳಿ, ಸರ್ವೆ ನಂಬರನ್ನು ಅದು ತೋರಿಸುತ್ತದೆ. ಪಹಣಿ ಅದೇ ಇಲಾಖೆಯ ‘ಭೂಮಿ’ ಎಂಬ ತಾಣದಲ್ಲಿ ಸಿಗುತ್ತದೆ. ಕೆರೆಯ ಒಟ್ಟು ವಿಸ್ತೀರ್ಣಕ್ಕೆ ಆಕಾರ್‌ಬಂದ್, ಅಂದರೆ ಸರ್ವೆ ನಂಬರಿನ ವಿಸ್ತೀರ್ಣ ಬರೆದಿಟ್ಟ ಸರ್ವೆ ದಾಖಲೆ, ನೋಡಬೇಕು. ಮುಂದೆ ಮಾಡುವ ಹೋಲಿಕೆಗೆಲ್ಲ ಆ ಎಕರೆ-ಗುಂಟೆ ಲೆಕ್ಕವೇ ಆಧಾರ. ಒಂದು ಎಚ್ಚರಿಕೆ: ಮೊಬೈಲಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಆಗುವುದು ಮಾಮೂಲು. ದಿಶಾಂಕ್ ನೋಡಿಕೊಂಡು ಬೇಲಿ ಕೀಳಲು ಹೋಗಬೇಡಿ. ಗಡಿ ತೀರ್ಮಾನ ಆಗುವುದು ಸರ್ವೆಯವರು ಮಾಡುವ ಹದ್ದುಬಸ್ತಿನಲ್ಲೇ.

ಗೊತ್ತಿರುವ ಜಾಗದಲ್ಲಿ ಕಣ್ಣು ಪಳಗಿಸಿ

ಕಂಪ್ಯೂಟರಿಗೆ ಗೂಗಲ್ ಅರ್ಥ್ ಪ್ರೊ ಇಳಿಸಿಕೊಳ್ಳಿ. 2015ರಿಂದ ಅದಕ್ಕೆ ದುಡ್ಡಿಲ್ಲ. ಮೇಲಿನ ಸಾಲಿನಲ್ಲಿ ಗಡಿಯಾರದ ಚಿಹ್ನೆ ಇದೆ. ಅದನ್ನು ಒತ್ತಿದರೆ ಹಳೆಯ ಚಿತ್ರಗಳ ಪಟ್ಟಿ ಬರುತ್ತದೆ. ಸೀದಾ ನಿಮ್ಮ ಕೆರೆಗೆ ಹೋಗಬೇಡಿ. ಮೊದಲು ಮಂಡ್ಯದ ಬೈಪಾಸ್ ನೋಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದದ್ದು 2023ರ ಮಾರ್ಚ್ 12ರಂದು. ಹಾಗಾಗಿ ಯಾವ ವರ್ಷ ಏನು ಕಾಣಬೇಕು ಅಂತ ನಿಮಗೆ ಮೊದಲೇ ಗೊತ್ತು. ಗದ್ದೆ ಇದ್ದ ಕಡೆ ಕೆಂಪು ಮಣ್ಣಿನ ಪಟ್ಟಿ ಬರುತ್ತದೆ, ಅದು ಬೂದಿ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಡಾಂಬರಿನ ಕಪ್ಪು. ಮಣ್ಣು ಅಗೆದದ್ದು, ಮಣ್ಣು ತುಂಬಿದ್ದು, ಕಟ್ಟಿದ್ದು ಮೂರೂ ಮೇಲಿನಿಂದ ಹೇಗೆ ಕಾಣುತ್ತವೆ ಎಂದು ಹತ್ತು ನಿಮಿಷದಲ್ಲಿ ಕಣ್ಣಿಗೆ ಕೂರುತ್ತದೆ.

ಆಮೇಲೆ ನಿಮ್ಮ ಕೆರೆಗೆ ಬನ್ನಿ. ಸುತ್ತಲೂ ಗೆರೆ ಎಳೆದು ಒಂದು ಆಕಾರ ಮಾಡಿ ಉಳಿಸಿಕೊಳ್ಳಿ. ಅಳತೆಯನ್ನು ಎಕರೆಯಲ್ಲೇ ತೋರಿಸಲು ಹೇಳಬಹುದು. ಪ್ರತಿ ವರ್ಷದ ಗೆರೆಗೂ ಬೇರೆ ಬಣ್ಣ ಕೊಡಿ.

ಒಂದು ಚೌಕ ಅಂದರೆ ಒಂದು ಗುಂಟೆ

ಗೂಗಲ್ ಅರ್ಥ್‌ನ ಚಿತ್ರಗಳು ಚೆನ್ನಾಗಿ ಕಾಣುತ್ತವೆ, ಆದರೆ ನಮಗೆ ಬೇಕಾದ ತಿಂಗಳಿನದೇ ಸಿಗುವ ಖಾತರಿ ಇಲ್ಲ. ಅದಕ್ಕೆ ಯುರೋಪಿನವರ ಸೆಂಟಿನೆಲ್-2 ಉಪಗ್ರಹಗಳು ಬೇಕು. ಮೊದಲನೆಯದು ಹಾರಿದ್ದು 2015ರಲ್ಲಿ, ಎರಡನೆಯದು 2017ರಲ್ಲಿ. 2024ರಲ್ಲಿ ಹಾರಿದ ಮೂರನೆಯದು ಈಗ ಮೊದಲನೆಯದರ ಜಾಗಕ್ಕೆ ಬಂದಿದೆ. ಜೋಡಿ ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ನಮ್ಮ ತಲೆ ಮೇಲೆ ಹಾದು ಚಿತ್ರ ತೆಗೆಯುವ ಹಾಗೆ ಹೊಂದಿಸಿದ್ದಾರೆ. ಎಲ್ಲ ಚಿತ್ರಗಳೂ ಕೋಪರ್ನಿಕಸ್ ಬ್ರೌಸರ್ ಎಂಬ ತಾಣದಲ್ಲಿ ಯಾರು ಬೇಕಾದರೂ ನೋಡುವ ಹಾಗಿವೆ.

ಈ ಚಿತ್ರದ ಒಂದು ಚೌಕ ನೆಲದ ಮೇಲೆ 10 ಮೀಟರ್‌ಗೆ 10 ಮೀಟರ್, ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರ್. ಎರಡೂ ಹೆಚ್ಚುಕಡಿಮೆ ಒಂದೇ! ಉಪಗ್ರಹ ಕಳಿಸಿದವರಿಗೆ ನಮ್ಮ ಗುಂಟೆಯ ಗೊಡವೆ ಇರಲಿಲ್ಲ, ಆದರೆ ಮಂಡ್ಯದ ರೈತರಿಗೆ ಇದಕ್ಕಿಂತ ಸುಲಭದ ಲೆಕ್ಕ ಬೇಕಾ? ನಲವತ್ತು ಚೌಕ ಅಂದರೆ ಒಂದು ಎಕರೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರದ ಚೌಕ 30 ಮೀಟರಿನದು, ಒಂದೊಂದೂ ಒಂಬತ್ತು ಗುಂಟೆ. ಒರಟು ನಿಜ, ಆದರೆ ಆ ಸರಣಿ ಶುರುವಾದದ್ದು 1972ರಲ್ಲಿ. ಅಪ್ಪನ ಕಾಲದ ಕೆರೆ ನೋಡಬೇಕಾದರೆ ಅದೇ ಗತಿ.

ಬ್ರೌಸರಿನಲ್ಲಿ ಊರಿನ ಹೆಸರು ಹುಡುಕಿ, ಕ್ಯಾಲೆಂಡರಿನಲ್ಲಿ ಮೋಡ ಇಲ್ಲದ ದಿನ ಆರಿಸಿ. ಎಡಗಡೆಯ ಪಟ್ಟಿಯಲ್ಲಿ ಎನ್‌ಡಿಡಬ್ಲ್ಯುಐ ಎಂಬುದನ್ನು ಒತ್ತಿ. ಇದು ನೀರು ಗುರುತಿಸುವ ಸೂತ್ರ. ನೀರು ಹಸಿರು ಬೆಳಕನ್ನು ಸ್ವಲ್ಪ ವಾಪಸ್ ಕಳಿಸುತ್ತದೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ನುಂಗಿಬಿಡುತ್ತದೆ. ಹಸಿರೆಲೆ ಇದಕ್ಕೆ ಉಲ್ಟಾ: ಇನ್‌ಫ್ರಾರೆಡ್ಡನ್ನು ಜೋರಾಗಿ ಎಸೆಯುತ್ತದೆ. ಹಸಿರಿನಿಂದ ಇನ್‌ಫ್ರಾರೆಡ್ ಕಳೆಯಿರಿ, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿ. ಒಂದು ಚೌಕದಿಂದ ವಾಪಸ್ ಬಂದ ಬೆಳಕಿನ ಪಾಲು ಹಸಿರಿನದು 0.08, ಇನ್‌ಫ್ರಾರೆಡ್‌ನದು 0.03 ಇದ್ದರೆ ಉತ್ತರ 0.45, ಅದು ನೀರು. ಹಸಿರು ಅಷ್ಟೇ ಇದ್ದು ಇನ್‌ಫ್ರಾರೆಡ್ 0.40 ಇದ್ದರೆ ಉತ್ತರ ಮೈನಸ್ 0.67, ಅದು ಎಲೆ. ಸೊನ್ನೆಗಿಂತ ಮೇಲಿದ್ದರೆ ಬಹುತೇಕ ನೀರು. ಈ ಲೆಕ್ಕ ತಾಣವೇ ಮಾಡಿ ಬಣ್ಣ ಹಚ್ಚಿ ಕೊಡುತ್ತದೆ, ನೀವು ಕೂಡಿ ಕಳೆಯುವುದು ಬೇಡ. ಆದರೆ ಒಳಗೆ ಏನು ನಡೆಯುತ್ತಿದೆ ಎಂದು ತಿಳಿದಿದ್ದರೆ ನನ್ನ ಹಾಗೆ ಮೋಸ ಹೋಗುವುದಿಲ್ಲ. ಅಂತರಗಂಗೆ ಮುಚ್ಚಿದ ನೀರು ಈ ಸೂತ್ರಕ್ಕೆ ಬರೀ ಎಲೆ ಅಷ್ಟೇ.

ಹಾಗಾದರೆ ಗದ್ದೆಗೂ ಅಂತರಗಂಗೆಗೂ ವ್ಯತ್ಯಾಸ ಹೇಗೆ ತಿಳಿಯುವುದು? ಐದೈದು ದಿನದ ಅಂತರದ ನಾಲ್ಕು ಚಿತ್ರ ತೆಗೆದು ನೋಡಿ. ಅಂತರಗಂಗೆ ಗಾಳಿಗೆ ತೇಲುತ್ತದೆ. ಒಂದು ಚಿತ್ರದಲ್ಲಿ ಏರಿ ಪಕ್ಕ, ಇನ್ನೊಂದರಲ್ಲಿ ಹಿನ್ನೀರಿನ ಕಡೆ. ಗದ್ದೆಯ ಬದು ಎಲ್ಲಿಗೂ ಹೋಗುವುದಿಲ್ಲ. ಕೆರೆ ಪೂರ್ತಿ ಮುಚ್ಚಿಹೋಗಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೋಗಲೇಬೇಕು.

ಎಷ್ಟು ವ್ಯತ್ಯಾಸ ಬಂದರೆ ನಂಬಬಹುದು? 24 ಎಕರೆಯ ಕೆರೆ ಅಂದುಕೊಳ್ಳಿ. ಸುಮಾರು 970 ಚೌಕ. ಕೆರೆ ದುಂಡಗಿದ್ದರೆ ಸುತ್ತಳತೆ 1,100 ಮೀಟರಿನಷ್ಟು, ಅಂದರೆ ಅಂಚಿನಲ್ಲೇ 110 ಚೌಕ. ಆ ಅಂಚಿನ ಚೌಕಗಳಲ್ಲಿ ಅರ್ಧ ನೀರು, ಅರ್ಧ ದಡ. ಒಂದೊಂದರಲ್ಲೂ ಅರ್ಧ ತಪ್ಪಿದರೆ 55 ಗುಂಟೆ ಆಚೀಚೆ. ಹಾಗಾಗಿ ಇಂಥ ಕೆರೆಯಲ್ಲಿ ಒಂದೂವರೆ ಎಕರೆಗಿಂತ ಕಡಿಮೆ ವ್ಯತ್ಯಾಸ ಕಂಡರೆ ನಾನು ಬಾಯಿ ಬಿಡುವುದಿಲ್ಲ. ಅಂಕುಡೊಂಕಿನ ಕೆರೆಯಾದರೆ ಅಂಚು ಇನ್ನೂ ಜಾಸ್ತಿ, ತಪ್ಪೂ ಜಾಸ್ತಿ.

ಜನವರಿಗೆ ಜನವರಿಯೇ ಜೋಡಿ

ಅಕ್ಟೋಬರ್ ಚಿತ್ರವನ್ನು ಏಪ್ರಿಲ್ ಚಿತ್ರದ ಪಕ್ಕ ಇಟ್ಟು ‘ಕೆರೆ ಬತ್ತಿಹೋಯ್ತು’ ಅನ್ನುವವರನ್ನು ಎಷ್ಟೋ ಸಲ ನೋಡಿದ್ದೇನೆ. ನಮ್ಮ ಕಡೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಆಕಾಶ ತಿಳಿಯಾಗಿರುತ್ತದೆ. ಆ ದಿನಗಳಲ್ಲೇ ಒಂದು ತಿಂಗಳು ಆರಿಸಿ, ಎಲ್ಲ ವರ್ಷಕ್ಕೂ ಅದನ್ನೇ ಇಟ್ಟುಕೊಳ್ಳಿ. ಎರಡು ವರ್ಷ ಸಾಲದು, ಐದಾರು ವರ್ಷ ಬೇಕು. 2022ರಲ್ಲಿ ಮಳೆ ಕೆಟ್ಟದಾಗಿ ಸುರಿದಿತ್ತು, 2023ರಲ್ಲಿ ಬರ. ಆ ಎರಡನ್ನು ಮಾತ್ರ ಹೋಲಿಸಿದರೆ ರಾಜ್ಯದ ಅರ್ಧ ಕೆರೆಗಳು ಒತ್ತುವರಿ ಆಗಿರುವ ಹಾಗೆ ಕಾಣುತ್ತವೆ! ಚಿತ್ರದ ಜೊತೆ ಆ ವರ್ಷದ ಮಳೆ ಲೆಕ್ಕವನ್ನೂ ಬರೆದುಕೊಳ್ಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ.

ಮಂಡ್ಯದವರು ಎಡವಿ ಬೀಳುವ ಗುಂಡಿಗಳು ಇನ್ನೆರಡಿವೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮೇಲೆ ನಾಟಿಗೆ ಕೆಸರು ಮಾಡಿದ ಗದ್ದೆಗಳೆಲ್ಲ ನೀರಿನ ಸೂತ್ರದಲ್ಲಿ ಕೆರೆಯ ಹಾಗೇ ಕಾಣುತ್ತವೆ. ಇನ್ನೊಂದು ಕಬ್ಬು. ಹಸಿರು ಅಳೆಯುವ ಎನ್‌ಡಿವಿಐ ಸೂತ್ರದಲ್ಲಿ ಕಟಾವಾದ ಕಬ್ಬಿನ ಹೊಲ ಒಂದೇ ವಾರದಲ್ಲಿ ಬೋಳಾಗಿಬಿಡುತ್ತದೆ. ಮರ ಕಡಿದರು ಅಂತ ಅರಣ್ಯ ಇಲಾಖೆಗೆ ಫೋನ್ ಮಾಡುವ ಮೊದಲು, ಕೂಳೆ ಚಿಗುರುತ್ತದಾ ಅಂತ ಎರಡು ತಿಂಗಳ ಮುಂದಿನ ಚಿತ್ರ ನೋಡಿ.

ತೀರಾ ಹಿಂದಿನ ಕತೆ ಬೇಕಾದರೆ ಗ್ಲೋಬಲ್ ಸರ್ಫೇಸ್ ವಾಟರ್ ಎಕ್ಸ್‌ಪ್ಲೋರರ್ ತೆರೆಯಿರಿ. 1984ರಿಂದ 2021ರವರೆಗಿನ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನೆಲ್ಲ ಸೋಸಿ, ಯಾವ ಜಾಗದಲ್ಲಿ ಎಷ್ಟು ಪಾಲು ಕಾಲ ನೀರಿತ್ತು ಎಂದು ಬಣ್ಣದಲ್ಲಿ ತೋರಿಸುತ್ತದೆ. ಸಣ್ಣ ಕಟ್ಟೆಗಳು ಅದರಲ್ಲಿ ಕಾಣುವುದೇ ಇಲ್ಲ. ಕೆಆರ್‌ಎಸ್ ಹಿನ್ನೀರು, ತೊಣ್ಣೂರು ಕೆರೆ, ಸೂಳೆಕೆರೆಯಂಥವಕ್ಕೆ ಚೆನ್ನಾಗಿದೆ.

ಮೈಸೂರು ನಗರದಲ್ಲಿ ನೋಡಬೇಕಾದ್ದು ಬೇರೆ. ಲಿಂಗಾಂಬುಧಿ ಕೆರೆ 1828ರದು, ಕುಕ್ಕರಹಳ್ಳಿ ಕೆರೆ 1864ರದು. ಇವುಗಳ ನೀರಿನ ಅಂಚಿಗಿಂತ ನೀರು ಬರುವ ದಾರಿಯ ಮೇಲೆ ಕಣ್ಣಿಡಿ. ಸರ್ವೆ ಆಫ್ ಇಂಡಿಯಾದ ಟೊಪೊ ನಕ್ಷೆಗಳು ಅವರ ತಾಣದಲ್ಲೇ ಸಿಗುತ್ತವೆ. ಅದರಲ್ಲಿನ ಹಳ್ಳ, ಕಾಲುವೆಗಳ ನೀಲಿ ಗೆರೆಗಳನ್ನು ಗೂಗಲ್ ಅರ್ಥ್ ಮೇಲೆ ಎಳೆದು, ವರ್ಷ ವರ್ಷ ಹಿಂದೆ ಮುಂದೆ ಹೋಗಿ. ಕುಕ್ಕರಹಳ್ಳಿಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆಯ ಜಾಡು ಹಿಡಿದು ಹೋಗುವುದು ಒಳ್ಳೆಯ ಭಾನುವಾರದ ಕೆಲಸ. ಗೆರೆ ಎಲ್ಲಿ ಸೈಟಿನ ಕೆಳಗೆ ನುಗ್ಗುತ್ತದೋ ಅಲ್ಲಿ ಒಂದು ಗುರುತು ಹಾಕಿ.

ಕ್ವಾರಿ, ಲೇಔಟ್ ಆದರೆ

ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಡೆ ಗೂಗಲ್ ಅರ್ಥ್ ತಿರುಗಿಸಿದರೆ ಕಲ್ಲು ತೆಗೆದ ಬಿಳಿ ಗಾಯಗಳು ಯಾರಿಗೂ ಕಾಣುತ್ತವೆ. ಆದರೆ ಬಿಳಿ ಕಂಡಿದ್ದೆಲ್ಲ ಅಕ್ರಮ ಅಲ್ಲ. ಅನುಮತಿ ಎಷ್ಟಕ್ಕೆ ಇತ್ತು, ಅಗೆದದ್ದು ಎಷ್ಟು ಎಂಬುದೇ ಪ್ರಶ್ನೆ. ಅನುಮತಿ ಪತ್ರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ತಾಣದಲ್ಲಿರುತ್ತದೆ. ರಾಜ್ಯ, ಜಿಲ್ಲೆ ಆರಿಸಿ ಹುಡುಕಿ. 2012ರ ಸುಪ್ರೀಂ ಕೋರ್ಟ್ ಆದೇಶದ ನಂತರ ಐದು ಹೆಕ್ಟೇರಿಗಿಂತ ಚಿಕ್ಕ ಕಲ್ಲುಕ್ವಾರಿಗೂ ಪರಿಸರ ಅನುಮತಿ ಬೇಕು. ಕಟ್ಟಡಗಳಾದರೆ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡವಕ್ಕೆ.

ಆ ಕಡತದಲ್ಲಿ ಗಡಿಯ ಮೂಲೆಗಳ ಅಕ್ಷಾಂಶ, ರೇಖಾಂಶದ ಪಟ್ಟಿ ಇರುತ್ತದೆ. ಅದನ್ನು ಗೂಗಲ್ ಅರ್ಥ್‌ನಲ್ಲಿ ಹಾಕಿ ಗೆರೆ ಸೇರಿಸಿದರೆ, ಗುಂಡಿ ಗೆರೆಯ ಒಳಗಿದೆಯೋ ಹೊರಗಿದೆಯೋ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. 12 ಡಿಗ್ರಿ 30 ನಿಮಿಷ ಅಂದರೆ 12.5, 12.30 ಅಲ್ಲ. ಅರವತ್ತು ನಿಮಿಷಕ್ಕೆ ಒಂದು ಡಿಗ್ರಿ. 12.30 ಎಂದು ಹಾಕಿದರೆ ಮಂಡ್ಯದ ಕ್ವಾರಿ 22 ಕಿಲೋಮೀಟರ್ ದಕ್ಷಿಣಕ್ಕೆ ಜಿಗಿದು ಮೈಸೂರಿನ ಅಕ್ಷಾಂಶಕ್ಕೆ ಬಂದು ಕೂರುತ್ತದೆ.

ಇನ್ನೊಂದು ಒಳ್ಳೆಯ ಕಾಗದ ಇದೆ, ಜನ ಕೇಳುವುದು ಕಡಿಮೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ, ಅನುಮತಿ ಪಡೆದವರು ಷರತ್ತುಗಳನ್ನು ಪಾಲಿಸಿದ ವರದಿಯನ್ನು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ‘ಸುತ್ತಲೂ ಗಿಡ ನೆಟ್ಟಿದ್ದೇವೆ’ ಎಂದು ಅದರಲ್ಲಿ ಬರೆದಿದ್ದರೆ ಎನ್‌ಡಿವಿಐ ಚಿತ್ರ ತೆಗೆದು ನೋಡಿ. ಸಸಿ ಚಿಕ್ಕದಾಗಿದ್ದರೆ ಮೊದಲ ವರ್ಷ ಕಾಣುವುದಿಲ್ಲ, ಮೂರನೇ ವರ್ಷಕ್ಕೂ ಬೋಳಾಗಿದ್ದರೆ ಕೇಳಬಹುದು.

ನೊರೆ, ನಾತ, ಸತ್ತ ಮೀನು ಇವೆಲ್ಲ ಈ ಚಿತ್ರಗಳಿಗೆ ಸಿಗುವುದಿಲ್ಲ. ಕೆರೆಯ ನೀರನ್ನು ಎ ಇಂದ ಇ ವರೆಗೆ ದರ್ಜೆ ಹಾಕುವ ಕೆಲಸ ಮಾಲಿನ್ಯ ನಿಯಂತ್ರಣ ಮಂಡಳಿಯದು. ಗಾಳಿ ಎಷ್ಟು ಕೆಟ್ಟಿದೆ ಎಂದು ತೋರಿಸಲು ಸಮೀರ್ ಆ್ಯಪ್ ಇದೆ, ಆದರೆ ಮೈಸೂರಿನ ಹೆಬ್ಬಾಳದ ಮಾಪಕ ನೋಡಿ ಚಾಮುಂಡಿಪುರಂ ಗಾಳಿಯನ್ನು ತೀರ್ಮಾನಿಸಬೇಡಿ.

ಅರ್ಜಿಗೆ ಏನು ಹಚ್ಚಬೇಕು

ಬರೀ ಚಿತ್ರ ಕೊಟ್ಟರೆ ‘ನೋಡೋಣ’ ಅನ್ನುತ್ತಾರೆ. ಸರ್ವೆ ನಂಬರ್, ಆಕಾರ್‌ಬಂದ್ ವಿಸ್ತೀರ್ಣ, ಐದು ವರ್ಷದ ಅಳತೆಯ ಒಂದು ಪುಟದ ಪಟ್ಟಿ, ಪ್ರತಿ ಚಿತ್ರದ ದಿನಾಂಕ ಮತ್ತು ಉಪಗ್ರಹದ ಹೆಸರು, ನೀವೇ ಅಲ್ಲಿ ನಿಂತು ತೆಗೆದ ಫೋಟೊ. ಇಷ್ಟಿದ್ದರೆ ಹದ್ದುಬಸ್ತು ಮಾಡಿಕೊಡಿ ಎಂದು ತಹಶೀಲ್ದಾರರಿಗೆ ಕೇಳಬಹುದು. ‘ಒತ್ತುವರಿ’ ಎಂಬ ಪದ ನೀವು ಬರೆಯಬೇಡಿ. ‘ಈ ಭಾಗದಲ್ಲಿ ನೀರು ನಿಂತಿಲ್ಲ, ಕಾರಣ ಪರಿಶೀಲಿಸಿ’ ಎಂದು ಬರೆಯಿರಿ. ದಾಖಲೆ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕತೆ ಹೇಳಲು ಜಾಗ ಇಲ್ಲ.

ಕಡತಗಳ ಹೆಸರನ್ನು ವರ್ಷದಿಂದ ಶುರು ಮಾಡಿ, ಆಮೇಲೆ ತಿಂಗಳು, ದಿನ, ಕೊನೆಗೆ ಊರು. ನಾನು ಮೊದಲ ಸಲ ‘ಕೆರೆ ಹೊಸದು’, ‘ಕೆರೆ ಹೊಸದು ಎರಡು’, ‘ಕೆರೆ ಕೊನೆಯದು’ ಎಂದು ಇಟ್ಟಿದ್ದೆ. ಯಾವುದು ಯಾವ ಜನವರಿಯದು ಎಂದು ಪತ್ತೆ ಮಾಡಲು ಅಳೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.